ಇಪ್ಪತ್ತನಾಲ್ಕು ಕಡ್ಡಿಯ ಆಕಾಶಬುಟ್ಟಿ: ಗೆಳೆಯರು ಸೇರಿ ಕಟ್ಟುವ ಬಗೆ

ಬಿದಿರು ಕಡ್ಡಿ, ಬಣ್ಣದ ಕಾಗದದ ಆಕಾಶಬುಟ್ಟಿ ಕಟ್ಟಲು ಐದು ಜನ ಬೇಕೇ ಬೇಕು. ಬಿಡಿಬಿಡಿಯಾಗಿ ಕಟ್ಟಿದ ನಾಲ್ಕು ಚೌಕಗಳನ್ನು ಮೂಲೆಯ ಮೇಲೆ ನಿಲ್ಲಿಸಿ ಒಂದಕ್ಕೊಂದು ಸೇರಿಸುವ ಹೊತ್ತಿನಲ್ಲಿ ಒಬ್ಬೊಬ್ಬರೂ ಒಂದೊಂದು ಚೌಕ ಹಿಡಿದಿರಬೇಕು, ಐದನೆಯವರು ದಾರ ಸುತ್ತುತ್ತಿರಬೇಕು. ಒಬ್ಬರೇ ಕೂತು ಮಾಡಹೊರಟರೆ ಒಂದು ಕಡೆ ಕಟ್ಟುವಷ್ಟರಲ್ಲಿ ಇನ್ನೊಂದು ಕಡೆ ಜಾರಿರುತ್ತದೆ. ಹಾಗಾಗಿ ದೀಪಾವಳಿಗೆ ಒಂದು ವಾರ ಇರುವಾಗಲೇ ಒಂದು ಭಾನುವಾರ ಗೊತ್ತುಮಾಡಿ, ಐದು ಜನರನ್ನು ಕರೆಯಿರಿ. ಬೆಳಿಗ್ಗೆ ಚೌಕಟ್ಟು, ಮಧ್ಯಾಹ್ನ ಕಾಗದ, ಸಂಜೆಗೆ ದೀಪ. ಒಂದೇ ದಿನದಲ್ಲಿ ಮುಗಿಯುವ ಕೆಲಸ ಇದು.

ಕರಾವಳಿಯಲ್ಲಿ ಇದಕ್ಕೆ ಗೂಡುದೀಪ ಎನ್ನುತ್ತಾರೆ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದ ಆವರಣದಲ್ಲಿ ದೀಪಾವಳಿ ಹೊತ್ತಿಗೆ ಗೂಡುದೀಪ ಸ್ಪರ್ಧೆಯೇ ನಡೆಯುತ್ತದೆ. ಅಲ್ಲಿ ಸಾಂಪ್ರದಾಯಿಕ ವಿಭಾಗದಲ್ಲಿ ತೂಗುವ ಗೂಡುಗಳನ್ನು ನೋಡಿದರೆ ಕಾಗದದಿಂದ ಏನೆಲ್ಲ ಸಾಧ್ಯ ಎಂದು ತಿಳಿಯುತ್ತದೆ. ಇಲ್ಲಿ ಹೇಳುತ್ತಿರುವುದು ಅವುಗಳಲ್ಲಿ ಅತ್ಯಂತ ಸರಳವಾದ, ಎಲ್ಲ ಕಡ್ಡಿಯೂ ಒಂದೇ ಅಳತೆಯದಾಗಿರುವ ಬುಟ್ಟಿ.

ಆಕಾರವನ್ನು ಮೊದಲು ಮನಸ್ಸಿನಲ್ಲಿ ಕೂರಿಸಿಕೊಳ್ಳಿ. ಸುತ್ತಲೂ ನಾಲ್ಕು ಚೌಕ. ಅವು ಬದಿಯ ಮೇಲೆ ಕೂತಿಲ್ಲ, ಮೂಲೆಯ ಮೇಲೆ ನಿಂತಿವೆ. ಪಕ್ಕದ ಚೌಕಗಳ ಮೂಲೆಗೆ ಮೂಲೆ ತಾಗಿದೆ. ಮೇಲಿನ ನಾಲ್ಕು ತುದಿಗಳನ್ನು ಸೇರಿಸುವ ನಾಲ್ಕು ಕಡ್ಡಿ ಒಂದು ಚೌಕವಾಗುತ್ತದೆ, ಕೆಳಗೂ ಹಾಗೆಯೇ. ನಡುವೆ ಉಳಿಯುವ ಎಂಟು ಜಾಗಗಳು ತಾವಾಗಿಯೇ ತ್ರಿಕೋನ: ಎರಡೆರಡು ಚೌಕಗಳ ನಡುವೆ ಮೇಲಿನದು ತಲೆಕೆಳಗು, ಕೆಳಗಿನದು ನೆಟ್ಟಗೆ, ಎರಡರ ತುದಿಯೂ ಕೂಡಿ ಡಮರುವಿನಂತೆ ಕಾಣುತ್ತದೆ. ಡಮರು ಕಾಣಿಸಿದರೆ ನೀವು ಸರಿಯಾಗಿ ಕಟ್ಟಿದ್ದೀರಿ. ಹದಿನಾರು, ನಾಲ್ಕು, ನಾಲ್ಕು, ಒಟ್ಟು 24 ಕಡ್ಡಿ.

ಬೇಕಾಗುವುದು

30 ಸೆಂ.ಮೀ. ಬದಿಯ ಬುಟ್ಟಿಗೆ 32 ಸೆಂ.ಮೀ. ಉದ್ದದ 24 ಬಿದಿರು ಕಡ್ಡಿ, ಮುರಿದರೆ ಇರಲಿ ಎಂದು ಇನ್ನು ನಾಲ್ಕು. ಎರಡೂ ತುದಿಯಲ್ಲಿ ಒಂದೊಂದು ಸೆಂ.ಮೀ. ಗಂಟಿನಾಚೆ ಉಳಿಯಬೇಕು, ಇಲ್ಲದಿದ್ದರೆ ದಾರ ಜಾರಿ ಹೋಗುತ್ತದೆ. ಇವುಗಳ ಜೊತೆಗೆ 45 ಸೆಂ.ಮೀ.ನ ಎರಡು ಕಡ್ಡಿ. ಕಡ್ಡಿಯ ಅಗಲ 8 ಮಿ.ಮೀ., ದಪ್ಪ 4 ಮಿ.ಮೀ. ಇದ್ದರೆ ಹದ. ಕಟ್ಟಿದ ಮೇಲೆ ಬುಟ್ಟಿಯ ಎತ್ತರ ಸುಮಾರು 42 ಸೆಂ.ಮೀ. ಆಗುತ್ತದೆ, ಮೂಲೆಯಿಂದ ಎದುರು ಮೂಲೆಗೆ 60 ಸೆಂ.ಮೀ. ನಿಮ್ಮ ಬಾಲ್ಕನಿಗೆ ಇದು ದೊಡ್ಡದೆನಿಸಿದರೆ ಬದಿಯನ್ನು 20 ಸೆಂ.ಮೀ.ಗೆ ಇಳಿಸಿ, ಆಗ ಎತ್ತರ 28, ಅಗಲ 40.

ಕಾಗದಕ್ಕೆ ಗಾಳಿಪಟದ ಕಾಗದವೇ ಸೈ. 50×75 ಸೆಂ.ಮೀ. ಹಾಳೆಯಾದರೆ ಚೌಕಗಳಿಗೆ ಒಂದು ಬಣ್ಣದ ಎರಡು, ತ್ರಿಕೋನಗಳಿಗೆ ಇನ್ನೊಂದು ಬಣ್ಣದ ಮೂರು. ಡ್ರಾಯಿಂಗ್ ಹಾಳೆ, ಚಾರ್ಟ್ ಹಾಳೆ ಬೇಡ, ಅವುಗಳಲ್ಲಿ ಬೆಳಕು ಹಾಯುವುದಿಲ್ಲ. ಬೇಗಡೆ ಕಾಗದ ಎರಡು ಹಾಳೆ, ದಪ್ಪ ಹತ್ತಿ ದಾರದ ಒಂದು ಉಂಡೆ, ಸ್ವಲ್ಪ ತೆಳು ದಾರ, ಮೈದಾ 60 ಗ್ರಾಂ, ತೂಗುಹಾಕಲು ನೈಲಾನ್ ಹಗ್ಗ. ಕಡ್ಡಿ ಕಟ್ಟಲು ಮಾತ್ರ ನೈಲಾನ್ ಬೇಡ. ಅದು ನುಣುಪು, ಗಂಟು ಸಡಿಲವಾಗುತ್ತದೆ. ಹತ್ತಿ ದಾರಕ್ಕೆ ಅಂಟು ಇಂಗಿ ಗಂಟು ಕಲ್ಲಿನಂತಾಗುತ್ತದೆ.

ಬಿದಿರು ಹಸಿಯಾಗಿದ್ದರೆ ಸೀಳಿ ನಾಲ್ಕೈದು ದಿನ ನೆರಳಲ್ಲಿ ಒಣಗಿಸಿ. ಹಸಿ ಕಡ್ಡಿಯಲ್ಲಿ ಎಷ್ಟೇ ಬಿಗಿಯಾಗಿ ಕಟ್ಟಿದರೂ ಒಣಗುತ್ತ ಕಡ್ಡಿ ಸಣ್ಣದಾಗಿ, ಹಬ್ಬದ ದಿನಕ್ಕೆ ಸರಿಯಾಗಿ ಬುಟ್ಟಿ ಜೋಲುತ್ತದೆ. ಸೀಳಿದ ಅಂಚು ಬ್ಲೇಡಿನಷ್ಟೇ ಹರಿತ. ಕತ್ತಿಯ ಬೆನ್ನಿನಿಂದ ಒಂದು ಸಲ ಕೆರೆದು, ಮರಳು ಕಾಗದದಿಂದ ಉಜ್ಜಿದ ನಂತರವೇ ಮಕ್ಕಳ ಕೈಗೆ ಕೊಡಿ. ಬಿದಿರಿನ ಹಸಿರು ಸಿಪ್ಪೆಯ ಕಡೆ ಮೇಣದಂತೆ ನುಣುಪಾಗಿರುವುದರಿಂದ ಅಂಟು ಕೂರುವುದಿಲ್ಲ. ಆ ಬದಿಯನ್ನು ಬುಟ್ಟಿಯ ಒಳಕ್ಕೆ ತಿರುಗಿಸಿ ಕಟ್ಟಿ, ಕಾಗದ ಅಂಟುವುದು ಒರಟು ಮೈಗೆ.

ಚೌಕಟ್ಟು

ಅಳತೆ ಒಬ್ಬರೇ ತೆಗೆಯಲಿ. ಐದು ಜನ ಐದು ಸ್ಕೇಲಿನಲ್ಲಿ ಗುರುತು ಹಾಕಿದರೆ ಎರಡು ಮೂರು ಮಿ.ಮೀ. ವ್ಯತ್ಯಾಸ ಬಂದೇ ಬರುತ್ತದೆ. 24 ಕಡ್ಡಿಯಲ್ಲಿ ಅದು ಕೂಡುತ್ತ ಹೋಗಿ ಕೊನೆಯ ಕಡ್ಡಿ ಕೂರುವುದೇ ಇಲ್ಲ. ಒಂದು ಕಡ್ಡಿಗೆ ತುದಿಯಿಂದ 1 ಸೆಂ.ಮೀ. ಒಳಗೆ ಎರಡು ಗುರುತು ಹಾಕಿ, ಗುರುತುಗಳ ನಡುವೆ ಸರಿಯಾಗಿ 30 ಇದೆಯೇ ನೋಡಿ, ಆ ಕಡ್ಡಿಯನ್ನೇ ಉಳಿದವಕ್ಕೆ ಅಳತೆಗೋಲು ಮಾಡಿಕೊಳ್ಳಿ.

ನೆಲದ ಮೇಲೆ ಸೀಮೆಸುಣ್ಣದಿಂದ 30 ಸೆಂ.ಮೀ. ಚೌಕ ಬರೆಯಿರಿ. ನಾಲ್ಕು ಚೌಕಗಳನ್ನೂ ಆ ಗೆರೆಯ ಮೇಲಿಟ್ಟೇ ಕಟ್ಟಬೇಕು. ಪ್ರತಿ ಮೂಲೆಯಲ್ಲಿ ದಾರವನ್ನು ಅಡ್ಡಡ್ಡ ನಾಲ್ಕು ಸುತ್ತು, ಎದುರು ದಿಕ್ಕಿನಲ್ಲಿ ನಾಲ್ಕು ಸುತ್ತು, ಕೊನೆಗೆ ಎರಡು ಕಡ್ಡಿಗಳ ನಡುವೆ ತೂರಿಸಿ ಎರಡು ಸುತ್ತು ಬಿಗಿದು ಗಂಟು ಹಾಕಿ. ಆ ಕೊನೆಯ ಎರಡು ಸುತ್ತನ್ನು ಬಿಟ್ಟವರ ಮೂಲೆ ಕತ್ತರಿಯಂತೆ ಆಡುತ್ತದೆ.

ಹೆಚ್ಚಿನ ಬುಟ್ಟಿಗಳು ಹಾಳಾಗುವುದು ಮುಂದಿನ ಹಂತವನ್ನು ಬಿಟ್ಟಿದ್ದಕ್ಕೆ. ತ್ರಿಕೋನವನ್ನು ಒತ್ತಿದರೂ ಅದರ ಆಕಾರ ಕೆಡುವುದಿಲ್ಲ, ಚೌಕ ಮಾತ್ರ ಒತ್ತಿದ ಕಡೆಗೆ ವಾಲುತ್ತದೆ. ಈ ಬುಟ್ಟಿಯಲ್ಲಿ ಚೌಕ ಆರು ಇವೆ, ಅಂದರೆ ವಾಲುವ ಜಾಗ ಆರು. ಚೌಕ ಕಟ್ಟಿದ ತಕ್ಷಣ ಮೂಲೆಯಿಂದ ಎದುರು ಮೂಲೆಗೆ ತೆಳು ದಾರವನ್ನು ಎಳೆದು ಕಟ್ಟಿ, ಎರಡೂ ಕಡೆ. ಎರಡೂ ದಾರ 42.4 ಸೆಂ.ಮೀ. ಇದ್ದರೆ ಚೌಕ ನೆಟ್ಟಗಿದೆ. ಒಂದು 41, ಇನ್ನೊಂದು 44 ಬಂದರೆ ಅದು ಸೊಟ್ಟ, ಬಿಚ್ಚಿ ಕಟ್ಟಿ. ದಾರದ ನೆರಳು ಕಾಗದದ ಮೇಲೆ ಬೀಳುತ್ತದಲ್ಲ ಎಂದು ಚಿಂತೆ ಬೇಡ. ತೆಳು ಬಿಳಿ ದಾರವಾದರೆ ಕೆಳಗೆ ನಿಂತು ನೋಡುವವರಿಗೆ ಅದು ಕಾಣುವುದೇ ಇಲ್ಲ ಎನ್ನುವಷ್ಟು ಕಡಿಮೆ.

ಈಗ ನಾಲ್ವರೂ ಎದುರುಬದುರು ಕೂತು ಒಂದೊಂದು ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿಕೊಳ್ಳಿ. ಎಡಗೈ ಎಡಮೂಲೆಗೆ, ಬಲಗೈ ಬಲಮೂಲೆಗೆ. ನಿಮ್ಮ ಬಲಮೂಲೆ ಪಕ್ಕದವರ ಎಡಮೂಲೆಗೆ ತಾಗಬೇಕು. ಐದನೆಯವರು ಆ ನಾಲ್ಕು ಕೂಡು ಮೂಲೆಗಳನ್ನು ಮೊದಲು ಸಡಿಲವಾಗಿ ಕಟ್ಟಲಿ. ಆಮೇಲೆ ಮೇಲಿನ ತುದಿಗಳಿಗೆ ನಾಲ್ಕು ಕಡ್ಡಿ, ಬುಟ್ಟಿಯನ್ನು ಮಗುಚಿ ಕೆಳಗೆ ನಾಲ್ಕು ಕಡ್ಡಿ. ಎಲ್ಲ ಕೂತ ಮೇಲೆ ಒಂದೊಂದೇ ಗಂಟನ್ನು ಬಿಗಿಯಿರಿ. ಮೊದಲೇ ಬಿಗಿದರೆ ಕೊನೆಯ ಕಡ್ಡಿಗೆ ಜಾಗ ಸಾಲದೆ ಎಲ್ಲರೂ ಮತ್ತೆ ಬಿಚ್ಚುತ್ತ ಕೂರಬೇಕು. ಕಡೆಗೆ 45 ಸೆಂ.ಮೀ.ನ ಒಂದು ಕಡ್ಡಿಯನ್ನು ಮೇಲಿನ ಚೌಕದ ಎದುರು ಮೂಲೆಗಳಿಗೆ, ಇನ್ನೊಂದನ್ನು ಕೆಳಗಿನ ಚೌಕಕ್ಕೆ ಕಟ್ಟಿ. ಇದರಿಂದ ಆರೂ ಚೌಕಕ್ಕೆ ಬಿಗಿ ಸಿಕ್ಕಿತು, ಬಲ್ಬು ತೂಗಲು ಮೇಲೊಂದು ಅಡ್ಡವೂ ಆಯಿತು. ಬುಟ್ಟಿಯನ್ನು ನೆಲಕ್ಕಿಟ್ಟು ಮೇಲಿಂದ ಅಂಗೈಯಲ್ಲಿ ಒತ್ತಿ ನೋಡಿ. ಅಲುಗದಿದ್ದರೆ ಊಟಕ್ಕೇಳಬಹುದು.

ಅಂಟು ಮತ್ತು ಕಾಗದ

ಮೈದಾವನ್ನು 100 ಮಿ.ಲೀ. ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, 300 ಮಿ.ಲೀ. ಕುದಿಯುವ ನೀರಿಗೆ ಸುರಿಯುತ್ತ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಕೈಬಿಡದೆ ತಿರುವಿ. ಬಿಳಿ ಹೋಗಿ ಹೊಳಪು ಬಂದಾಗ ಇಳಿಸಿ. ಆರಿದ ಮೇಲೆ ಗಟ್ಟಿ ಮೊಸರಿನ ಹದ ಬರಬೇಕು. ನೀರಾದರೆ ಕಾಗದ ನೆನೆದು ಹರಿಯುತ್ತದೆ, ತೀರ ಗಟ್ಟಿಯಾದರೆ ಗಂಟುಗಂಟಾಗಿ ಒಣಗಿ ಬೆಳಕಿನಲ್ಲಿ ಕಲೆಯಂತೆ ಕಾಣುತ್ತದೆ. ಬೈಂಡಿಂಗ್ ಮಾಡುವವರು ಹುಳ ಬಾರದಿರಲೆಂದು ಇದಕ್ಕೆ ಮೈಲುತುತ್ತ ಹಾಕುವುದುಂಟು. ಅದು ವಿಷ, ಮಕ್ಕಳಿರುವ ಕಡೆ ಖಂಡಿತ ಬೇಡ. ಅಂದು ಮಾಡಿದ ಅಂಟು ಅಂದೇ ಖರ್ಚಾಗುವಾಗ ಅದರ ಅಗತ್ಯವೂ ಇಲ್ಲ. ಫೆವಿಕಾಲ್ ಬಳಸುವುದಾದರೆ ತೆಳುವಾಗಿ ಸವರಿ.

ಅಂಟು ಆರುವ ಅರ್ಧ ಗಂಟೆಯಲ್ಲಿ ಕಾಗದ ಕತ್ತರಿಸಿ. ಚೌಕಕ್ಕೆ 34×34 ಸೆಂ.ಮೀ., ಸುತ್ತ ಎರಡೆರಡು ಸೆಂ.ಮೀ. ಮಡಿಕೆಗೆ. ತ್ರಿಕೋನಕ್ಕೆ ಬದಿ 37, ಎತ್ತರ 32. ಹಾಳೆಯ ಉದ್ದಕ್ಕೆ ತ್ರಿಕೋನಗಳನ್ನು ಒಂದು ನೆಟ್ಟಗೆ, ಒಂದು ತಲೆಕೆಳಗಾಗಿ ಬರೆದುಕೊಂಡರೆ ಒಂದು ಹಾಳೆಯಲ್ಲಿ ಮೂರು ಸಿಗುತ್ತವೆ. ಹಾಳೆಯಂಚಿನಲ್ಲಿ ಉಳಿದ ಉದ್ದನೆಯ ಪಟ್ಟಿಗಳನ್ನು ಎಸೆಯಬೇಡಿ. ಜಾಲರಿ, ಬಾಲ ಎರಡೂ ಅದರಲ್ಲೇ ಆಗಬೇಕು.

ಅಂಟನ್ನು ಕಾಗದಕ್ಕೆ ಹಚ್ಚಬೇಡಿ, ಕಡ್ಡಿಗೆ ಹಚ್ಚಿ. ಗಾಳಿಪಟದ ಕಾಗದ ಒದ್ದೆಯಾದರೆ ಹಿಗ್ಗುತ್ತದೆ, ಎಳೆದರೆ ಕೈಗೇ ಬರುತ್ತದೆ. ಮೊದಲು ಎಂಟೂ ತ್ರಿಕೋನ, ಆಮೇಲೆ ಚೌಕ. ಪ್ರತಿ ಕಡ್ಡಿಯ ಮೇಲೆ ತ್ರಿಕೋನದ ಮಡಿಕೆ ಕೆಳಗೆ ಕೂತು ಅದರ ಮೇಲೆ ಚೌಕದ ಅಂಚು ಬಂದರೆ ಕೂಡಿಸಿದ್ದು ಕಾಣುವುದಿಲ್ಲ. ಒಂದು ಬದಿ ಅಂಟಿಸಿದ ಮೇಲೆ ಅದರ ಎದುರು ಬದಿಗೆ ಹೋಗಿ, ನಡುವಿನಿಂದ ಮೂಲೆಯ ಕಡೆ ಬೆರಳಾಡಿಸಿ. ಸುತ್ತಿಕೊಂಡು ಒಂದಾದ ಮೇಲೊಂದು ಬದಿ ಅಂಟಿಸುತ್ತ ಹೋದರೆ ಸುಕ್ಕೆಲ್ಲ ಕೊನೆಯ ಮೂಲೆಗೆ ಬಂದು ಸೇರುತ್ತದೆ. ಮೂಲೆಯಲ್ಲಿ ಕಡ್ಡಿ ತುದಿ ಚಾಚಿರುವ ಕಡೆ ಕಾಗದವನ್ನು ಸಣ್ಣಗೆ ಕಚ್ಚು ಹಾಕಿ ಬಿಡಿಸಿ. ಇಬ್ಬರಿಗೆ ಒಂದು ಮುಖದಂತೆ ಹಂಚಿಕೊಳ್ಳಿ: ಒಬ್ಬರು ಕಾಗದ ಹಿಡಿಯಲಿ, ಇನ್ನೊಬ್ಬರು ಒತ್ತಲಿ. ಮೇಲಿನ, ಕೆಳಗಿನ ಚೌಕಗಳು ತೆರೆದೇ ಇರಲಿ. ಬಿಸಿ ಗಾಳಿ ಮೇಲೆ ಹೋಗಬೇಕು, ಬಲ್ಬು ಬದಲಿಸಲು ಕೈ ಕೆಳಗಿನಿಂದ ಹೋಗಬೇಕು.

ಅಲ್ಲಲ್ಲಿ ಜೋಲಿದ್ದರೆ, ಅಂಟು ಪೂರ್ತಿ ಒಣಗಿದ ಮೇಲೆ ದೂರದಿಂದ ಮಂಜಿನಷ್ಟು ನೀರು ಚಿಮುಕಿಸಿ ಬಿಡಿ. ಒಣಗುತ್ತ ಕಾಗದ ಬಿಗಿಯುತ್ತದೆ. ಇದಕ್ಕೂ ಮೊದಲು ಒಂದು ತುಂಡಿನ ಮೇಲೆ ಹನಿ ಹಾಕಿ ನೋಡಿ. ಕೆಲವು ಕೆಂಪು, ಗುಲಾಬಿ ಕಾಗದಗಳು ಬಣ್ಣ ಬಿಡುತ್ತವೆ, ಅವಕ್ಕೆ ನೀರು ತಾಗಿಸಬೇಡಿ.

ಬೇಗಡೆಯ ಹೂವು ಕತ್ತರಿಸುವುದು ಎಲ್ಲರಿಗೂ ಇಷ್ಟವಾಗುವ ಕೆಲಸ. ಒಟ್ಟಿಗೆ ಕೂತು ಮಾಡಿ, ಬಿಡಿಸುವ ಹೊತ್ತಿನ ಬೆರಗು ಹಂಚಿಕೊಂಡಷ್ಟೂ ಚೆನ್ನ. ಚೌಕಗಳಿಗೆ 15 ಸೆಂ.ಮೀ. ಚೌಕ ತುಂಡನ್ನು ಎರಡು ಸಲ ಅರ್ಧಕ್ಕೆ, ಮೂರನೆಯ ಸಲ ಕರ್ಣಕ್ಕೆ ಮಡಚಿ ಕತ್ತರಿಸಿದರೆ ಎಂಟು ದಳ. ಅದನ್ನೇ ತ್ರಿಕೋನದ ನಡುವೆ ಅಂಟಿಸಿದರೆ ಏನೋ ಸೊಟ್ಟಗಿದ್ದಂತೆ ಕಾಣುತ್ತದೆ, ಎಂಟು ದಳ ಮೂರು ಮೂಲೆಗೆ ಹೊಂದುವುದಿಲ್ಲ. ತ್ರಿಕೋನಕ್ಕೆ 10 ಸೆಂ.ಮೀ. ದುಂಡು ತುಂಡನ್ನು ಅರ್ಧಕ್ಕೆ ಮಡಚಿ, ಆ ಅರ್ಧವನ್ನು ಮೂರು ಸಮಪಾಲಾಗಿ ಮಡಚಿ ಕತ್ತರಿಸಿ. ಆರು ದಳ ಬರುತ್ತದೆ, ಸರಿಯಾಗಿ ಕೂರುತ್ತದೆ. ಬೇಗಡೆ ಹಗಲಲ್ಲಿ ಹೊಳೆಯುತ್ತದೆ, ರಾತ್ರಿ ಕಪ್ಪು ನೆರಳಾಗುತ್ತದೆ. ಆದ್ದರಿಂದ ಮುಖದ ಅರ್ಧಕ್ಕಿಂತ ಹೆಚ್ಚು ಮುಚ್ಚಬೇಡಿ. ಅಂಟಿಸುವ ಮೊದಲು ಒಳಗೆ ಟಾರ್ಚ್ ಇಟ್ಟು, ಹೂವನ್ನು ಕಾಗದಕ್ಕೆ ಒತ್ತಿ ಹಿಡಿದು, ದೂರ ನಿಂತು ನೋಡಲು ಒಬ್ಬರನ್ನು ಕಳಿಸಿ.

ತ್ರಿಕೋನದ ಹಾಳೆಗಳಲ್ಲಿ ಉಳಿದ 18 ಸೆಂ.ಮೀ. ಅಗಲದ ಪಟ್ಟಿಗಳಲ್ಲಿ ಎರಡಕ್ಕೆ, ಮೇಲೆ 3 ಸೆಂ.ಮೀ. ಬಿಟ್ಟು, ಒಂದೊಂದು ಸೆಂ.ಮೀ.ಗೆ ಕತ್ತರಿ ಹಾಕಿದರೆ ಜಾಲರಿ. ಅದು ಕೆಳಗಿನ ಚೌಕದ ಸುತ್ತ ಬರುತ್ತದೆ. ಚೌಕದ ಹಾಳೆಗಳಲ್ಲಿ ಉಳಿದ ಪಟ್ಟಿಗಳನ್ನು 8 ಸೆಂ.ಮೀ. ಅಗಲದ ನಾಲ್ಕಾಗಿ ಸೀಳಿ, ತಲೆಯಲ್ಲಿ 5 ಸೆಂ.ಮೀ. ಬಿಟ್ಟು ಉದ್ದಕ್ಕೆ ಎಳೆಎಳೆಯಾಗಿ ಕತ್ತರಿಸಿ, ತಲೆ ಸುರುಳಿ ಸುತ್ತಿ ದಾರ ಕಟ್ಟಿ. ನಾಲ್ಕು ಕೂಡು ಮೂಲೆಗಳಿಗೆ ನಾಲ್ಕು ಬಾಲ. ತುದಿ ಚೂಪಾಗಿಲ್ಲದ ಕತ್ತರಿಯಿದ್ದರೆ ಐದಾರು ವರ್ಷದ ಮಕ್ಕಳೂ ಜಾಲರಿ ಕತ್ತರಿಸಬಲ್ಲರು, ಒಂದೆರಡು ಎಳೆ ಹರಿದರೂ ಯಾರಿಗೂ ತಿಳಿಯುವುದಿಲ್ಲ.

ದೀಪ

5ರಿಂದ 9 ವಾಟಿನ ಎಲ್‌ಇಡಿ ಬಲ್ಬು ಸಾಕು. ಮೇಣದ ಬತ್ತಿ, ಎಣ್ಣೆ ದೀಪ, ಹಳೆಯ ತಂತಿಯ ಬಲ್ಬು ಇದರೊಳಗೆ ಬೇಡ. ಕೆಂಪು, ಹಳದಿ, ಕೇಸರಿ ಕಾಗದಕ್ಕೆ ಹಳದಿ ಬೆಳಕಿನ ಬಲ್ಬು ಚೆಂದ. ನೀಲಿ, ಹಸಿರಿಗೆ ಬಿಳಿ ಬೆಳಕೇ ಆಗಬೇಕು, ಹಳದಿ ಬೆಳಕಿನಲ್ಲಿ ನೀಲಿ ಮಂಕಾಗುತ್ತದೆ. ಹೋಲ್ಡರನ್ನು ಮೇಲಿನ ಅಡ್ಡಕಡ್ಡಿಯ ನಡುವೆ ಕಟ್ಟಿ, ಬಲ್ಬಿನ ಗೋಳ 21 ಸೆಂ.ಮೀ. ಕೆಳಗೆ ಇರುವಂತೆ ವೈರ್ ಇಳಿಸಿ. ಅದೇ ಬುಟ್ಟಿಯ ನಟ್ಟನಡು. ಎಲ್ಲ ಚೌಕಕ್ಕೂ ಒಂದೇ ದೂರ, ಎಲ್ಲ ಮುಖಕ್ಕೂ ಹೆಚ್ಚುಕಡಿಮೆ ಒಂದೇ ಬೆಳಕು.

ಬುಟ್ಟಿಯ ಭಾರ ವೈರಿನ ಮೇಲೆ ಬೀಳಬಾರದು. ಮೇಲಿನ ನಾಲ್ಕು ಮೂಲೆಗಳಿಂದ ನಾಲ್ಕು ಹಗ್ಗ ಎತ್ತಿ ಒಂದು ಗಂಟಿಗೆ ಸೇರಿಸಿ, ಆ ಹಗ್ಗ ಬುಟ್ಟಿಯನ್ನು ಹೊರಲಿ, ವೈರ್ ಪಕ್ಕದಲ್ಲಿ ಸಡಿಲವಾಗಿ ಇಳಿದಿರಲಿ. ವೈರ್ ಕೂಡಿಸಿದ ಕಡೆ ಇನ್ಸುಲೇಷನ್ ಟೇಪ್ ಸುತ್ತಿ, ಆ ಗಂಟು ಮಾಡಿನ ಅಡಿಯಲ್ಲೇ ಇರುವಂತೆ ನೋಡಿಕೊಳ್ಳಿ. ದೀಪಾವಳಿ ಹೊತ್ತಿಗೆ ಸಂಜೆ ಮಳೆ ಬರುವುದು ಹೊಸತಲ್ಲ. ಬುಟ್ಟಿ ಸೂರಿನಿಂದ ಎರಡಡಿ ಒಳಗಿದ್ದರೆ ಎರಚಲಿಗೂ ಸಿಗುವುದಿಲ್ಲ.

ಕಾರ್ತಿಕ ಮುಗಿದ ಮೇಲೆ ಕಾಗದವನ್ನು ಹರಿದು ತೆಗೆದು, ಕಡ್ಡಿಗಂಟಿದ ಮೈದಾವನ್ನು ಒದ್ದೆ ಬಟ್ಟೆಯಿಂದ ಒರೆಸಿ ಬಿಸಿಲಿಗಿಡಿ. ಮೈದಾ ಉಳಿದರೆ ಜಿರಲೆ ಬಿಡುವುದಿಲ್ಲ. ಚೌಕಟ್ಟನ್ನು ನೆಲದ ಮೇಲಿಡದೆ ಅಟ್ಟದಲ್ಲಿ ತೂಗುಹಾಕಿ. ಮುಂದಿನ ವರ್ಷ ಕರ್ಣದ ದಾರಗಳು ಸಡಿಲವಾಗಿವೆಯೇ ನೋಡಿ, ಸಡಿಲವಾದವನ್ನು ಮಾತ್ರ ಬದಲಿಸಿ, ನೇರ ಕಾಗದದ ಕೆಲಸಕ್ಕೆ ಕೂರಬಹುದು.