ಮೇಲ್ ಆಮೇಲೆ, ಮೊದಲು ಫರಸಿ ಮುರೀರಿ

ರಜೆಗೆ ನಾನು ಶಹಾಬಾದಿಗೆ ಬಂದಾಗಲೆಲ್ಲ ಕಲಬುರಗಿಯ ಇಂಜಿನಿಯರಿಂಗ್ ಹುಡುಗರು ಒಬ್ಬಿಬ್ಬರಾದರೂ ಮನೆಗೆ ಬರುತ್ತಾರೆ. ‘ಅಕ್ಕಾ, ಮೆಟೀರಿಯಲ್ಸ್ ಮೆಕ್ಯಾನಿಕ್ಸ್‌ನಾಗ ರಿಸರ್ಚ್ ಮಾಡ್ಬೇಕಂತ ಅದ, ಯಾರಿಗೆ ಮೇಲ್ ಹಾಕ್ಬೇಕ್ರಿ?’ ವಸ್ತುಗಳು ಹೇಗೆ ಬಾಗುತ್ತವೆ, ಹೇಗೆ ಮುರಿಯುತ್ತವೆ ಅನ್ನುವ ಶಾಸ್ತ್ರ ಅದು. ಮೊದಲು ಏನಾದರೂ ಮುರೀರಿ ಅಂತೀನಿ. ಚಾಷ್ಟಿ ಮಾಡ್ತಾಳ ಅಂತ ತಿಳೀತಾರೆ.

ಏಳನೇ ಸೆಮಿಸ್ಟರಿನಲ್ಲಿ ನಾನೂ ನಲವತ್ತು ಪ್ರೊಫೆಸರುಗಳಿಗೆ ಒಂದೇ ಪತ್ರ ಕಳಿಸಿದ್ದೆ. ಒಬ್ಬರಿಗೆ ಹೋದದ್ದರಲ್ಲಿ ಇನ್ನೊಬ್ಬರ ಹೆಸರು ಹಾಗೇ ಉಳಿದಿತ್ತು. ಬಂದ ಉತ್ತರ ಒಂದೇ, ಅದೂ ಅವರದ್ದೇ: ‘ನಾನು ಅವರಲ್ಲ.’ ಕಾಲೇಜಿನ ಟೆಸ್ಟಿಂಗ್ ಮಷೀನ್ ನೋಡಿದರೆ ಸದಾ ಬಟ್ಟೆ ಹೊದ್ದು ಮಲಗಿರುತ್ತಿತ್ತು. ಕೊನೆಗೆ ಅಪ್ಪನ ಫರಸಿ (ಹಾಸುಗಲ್ಲು) ಅಂಗಡಿಯೇ ನನ್ನ ಲ್ಯಾಬ್ ಆಯಿತು.

ಒಂದೇ ಹಾಸುಗಲ್ಲಿನಿಂದ 5 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪದ ಹನ್ನೆರಡು ಪಟ್ಟಿ ಕೊಯ್ಯಿಸಿ. ಎರಡು ಇಟ್ಟಿಗೆ ಸಾಲಿನ ಮೇಲೆ ಒಂದೊಂದು ಕಬ್ಬಿಣದ ಸರಳು ಅಡ್ಡ ಇಡಿ, ನಡುವೆ 50 ಸೆಂ.ಮೀ. ಅಂತರ. ಪಟ್ಟಿಯನ್ನು ಸರಳುಗಳ ಮೇಲಿಟ್ಟು ನಟ್ಟನಡುವೆ ಹಗ್ಗ ಹಾಕಿ ಬಕೆಟ್ ತೂಗುಬಿಡಿ. ಬಕೆಟ್ ನೆಲಕ್ಕೆ ನಾಲ್ಕು ಬೆರಳು ಮೇಲಿದ್ದರೆ ಸಾಕು, ಕಾಲು ಮಾತ್ರ ದೂರ ಇರಲಿ. ಚೆಂಬಿನಿಂದ ಉಸುಕು ಸುರಿಯುತ್ತಾ ಹೋಗಿ, ಅವಸರ ಬೇಡ. ಕಲ್ಲು ಮುನ್ಸೂಚನೆ ಕೊಡೋದಿಲ್ಲ, ಟಪ್ ಅಂತ ಹೋಗುತ್ತದೆ. ಆಗ ಬಕೆಟ್ಟನ್ನು ಉಸುಕಿನ ಸಮೇತ ತೂಗಿ. ದಪ್ಪವನ್ನು ಮುರಿದ ಮುಖದಲ್ಲೇ ವರ್ನಿಯರ್ ಹಿಡಿದು ಅಳೆಯಿರಿ. ತೂಕದಿಂದ ಕಲ್ಲಿನ ಬಾಗುಬಲ ತೆಗೆಯುವ ಸೂತ್ರದಲ್ಲಿ ದಪ್ಪದ ವರ್ಗ ಬರುವುದರಿಂದ 20 ಮಿ.ಮೀ.ನಲ್ಲಿ ಒಂದು ಮಿ.ಮೀ. ತಪ್ಪಿದರೂ ಉತ್ತರ ಶೇ 10ರಷ್ಟು ಕೆಡುತ್ತದೆ.

ನನ್ನ ಪಟ್ಟಿಗಳಲ್ಲಿ ಒಂದು 19 ಕಿಲೋಗೆ ಹೋಯಿತು, ಇನ್ನೊಂದು 34ರವರೆಗೆ ತಡೆಯಿತು. ಅಂದರೆ ಬಾಗುಬಲ (ಮುರಿಯುವಾಗಿನ ಒತ್ತಡ) ಸುಮಾರು 7 ಮೆಗಾಪಾಸ್ಕಲ್‌ನಿಂದ 12.5. ನಾನೇ ತಪ್ಪು ಮಾಡಿದೆ ಅಂದುಕೊಂಡೆ. ಅಪ್ಪ ನಕ್ಕು, ‘ಕಲ್ಲಿಗೆ ಕಲ್ಲು ಒಂದೇ ಇರ್ತದೇನು?’ ಅಂದರು. 1921ರಲ್ಲಿ ಇಂಗ್ಲೆಂಡಿನ ಇಂಜಿನಿಯರ್ ಗ್ರಿಫಿತ್ ಬರೆದದ್ದು ಇದರ ಬುಡವನ್ನೇ: ಒಳಗಿರುವ ಸಣ್ಣ ಬಿರುಕು ಎಷ್ಟು ಉದ್ದವೋ ಅಷ್ಟು ಬೇಗ ಮುರಿತ. ಆ ಚೆಲ್ಲಾಪಿಲ್ಲಿ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯುವ ದಾರಿ ತೋರಿಸಿದ್ದು 1939ರಲ್ಲಿ ಸ್ವೀಡನ್ನಿನ ಇಂಜಿನಿಯರ್ ವೈಬುಲ್. ಹನ್ನೆರಡು ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಿ ಎಷ್ಟು ಭಾರಕ್ಕೆ ಎಷ್ಟು ಪಾಲು ಪಟ್ಟಿ ಮುರಿದವು ಅಂತ ತೋರಿಸುವ ವೈಬುಲ್ ಗ್ರಾಫ್ ಹಾಕಿ. ಆಮೇಲೆ ತಾನಾಗಿ ಪ್ರಶ್ನೆ ಹುಟ್ಟುತ್ತದೆ: ರಾತ್ರಿಯಿಡೀ ನೀರಿನಲ್ಲಿ ನೆನೆಸಿದರೆ? ಮಷೀನಿನಲ್ಲಿ ಕೊಯ್ದ ಅಂಚಿಗೂ ಉಳಿ ಹೊಡೆದ ಅಂಚಿಗೂ ಫರಕ್ ಇದೆಯೇ? ಬೀದರಿನವರಾದರೆ ಕಲ್ಲೇ ಬೇಕಂತಿಲ್ಲ, ಬಿದರಿಯ ಸತು-ತಾಮ್ರದ ಮಿಶ್ರಲೋಹ ಹಿಡಿಯಿರಿ. ಯಾದಗಿರಿಯವರಿಗೆ ತೊಗರಿ ಕಟ್ಟಿಗೆ ಬೇಕಾದಷ್ಟು.

ಈಗ ಮೇಲ್. ಐದು ಸಾಲು, ಒಂದು ಗ್ರಾಫ್, ಒಂದು ಪ್ರಶ್ನೆ. ಆ ಪ್ರೊಫೆಸರ್ ಬರೆದ ಒಂದು ಪೇಪರನ್ನಾದರೂ ಓದಿರಬೇಕು. ಮುರಿತದ ಮೇಲೆ ಕೆಲಸ ಮಾಡುವವರಿಗೇ ಬರೆಯಿರಿ, ಐದು ಜನರಿಗೆ ಬರೆದರೆ ಹೆಚ್ಚು. ಬೆಂಗಳೂರಿನ ಐಐಎಸ್‌ಸಿ ಎಲ್ಲರಿಗೂ ಗೊತ್ತು. ಬೀದರಿನವರು ಹೈದರಾಬಾದಿಗೆ ಹೋಗುವ ದಾರಿಯಲ್ಲೇ ಕಂದಿಯಲ್ಲಿ ಐಐಟಿ ಇರೋದನ್ನು ಮಾತ್ರ ಯಾರೂ ಲೆಕ್ಕಕ್ಕೇ ತಗೊಳ್ಳೋದಿಲ್ಲ. ಬೇಸಿಗೆಗೆ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಎರಡು ತಿಂಗಳ ಫೆಲೋಶಿಪ್ ಇದೆ, ಅರ್ಜಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಹಾಕಬೇಕು. ಕೊನೆಯ ವರ್ಷದ ಪ್ರಾಜೆಕ್ಟಿಗೆ ರಾಜ್ಯದ ವಿಜ್ಞಾನ-ತಂತ್ರಜ್ಞಾನ ಮಂಡಳಿ ಕೆಎಸ್‌ಸಿಎಸ್‌ಟಿ ಹಣ ಕೊಡುತ್ತದೆ, ಅದು ಕಾಲೇಜಿನ ಮೂಲಕ.

ಎಂ.ಟೆಕ್., ಪಿಎಚ್.ಡಿ. ಸೇರಲು ಗೇಟ್ ಪರೀಕ್ಷೆ ಬರೆಯುವವರು ಮೆಕ್ಯಾನಿಕಲ್ ಪೇಪರ್ ಒಂದನ್ನೇ ನೋಡುತ್ತಾರೆ. ಎಕ್ಸ್‌ಇ (ಇಂಜಿನಿಯರಿಂಗ್ ಸೈನ್ಸಸ್) ಪೇಪರಿನಲ್ಲಿ ಕಡ್ಡಾಯ ಗಣಿತದ ಜೊತೆ ಸಾಲಿಡ್ ಮೆಕ್ಯಾನಿಕ್ಸ್, ಮೆಟೀರಿಯಲ್ಸ್ ಸೈನ್ಸ್ ಆರಿಸಿಕೊಳ್ಳಬಹುದು. ಸ್ಕೋರ್ ಮೂರು ವರ್ಷ ನಡೆಯುತ್ತದೆ. ಕೇಂದ್ರದ ಹಣದ ಸಂಶೋಧನಾ ಫೆಲೋಶಿಪ್ ಜೆಆರ್‌ಎಫ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ‘ಪಿಎಚ್.ಡಿ. ಮಾಡಿದರೆ ಹೊಟ್ಟೆಗೇನು’ ಅನ್ನುವ ಕಾಕಾಗಳಿಗೆ ಈ ಅಂಕಿ ಹೇಳಿ. ಹಾಂ, ಕಲ್ಯಾಣ ಕರ್ನಾಟಕದವರ ಮೀಸಲಾತಿಯ 371ಜೆ ಸರ್ಟಿಫಿಕೇಟನ್ನು ಐಐಟಿಗೆ ಹೊತ್ತುಕೊಂಡು ಹೋಗಬೇಡಿ, ಅಲ್ಲಿ ಅದು ನಡೆಯೋದಿಲ್ಲ.

ರಿಸರ್ಚ್ ಸೀಟಿನ ನನ್ನ ಇಂಟರ್‌ವ್ಯೂನಲ್ಲಿ ಸೀಮೆಸುಣ್ಣ ಕೈಗೆ ಕೊಟ್ಟು ಒತ್ತಡ ಯಾವ ದಿಕ್ಕಿಗೆ ಎಷ್ಟು ಅಂತ ತೋರಿಸುವ ಮೋರ್ ವೃತ್ತ ಬರೆಯಿಸಿದರು, ಅರ್ಧಕ್ಕೇ ತೊದಲಿದೆ. ಆಮೇಲೆ ಮಾತೆಲ್ಲ ಕಲ್ಲಿನ ಮೇಲೇ: 19 ಕಿಲೋದ್ದು ಎಲ್ಲಿಂದ ಮುರಿಯಿತು, ಅಂಚಿನಿಂದಲೋ ನಡುವಿನಿಂದಲೋ? ತೋರಿಸಲು ತುಂಡು ಬೇಕಿತ್ತು. ಅದಕ್ಕೇ ಹೇಳೋದು, ಪ್ರತಿ ತುಂಡಿಗೂ ನಂಬರ್ ಬರೆದು ಕಾಗದದಲ್ಲಿ ಸುತ್ತಿ, ಮನೆಯವರ ಕಣ್ಣಿಗೆ ಬೀಳದಂತೆ ಇಡಿ. ನನ್ನವನ್ನೆಲ್ಲ ಅಷ್ಟರಲ್ಲಿ ಅಪ್ಪ ಬಚ್ಚಲ ಮುಂದೆ ಹಾಸಿ ಸಿಮೆಂಟ್ ಬಳಿದಾಗಿತ್ತು.