ಡಿಮೆನ್ಶಿಯಾ ಇರೋರಿಗೆ ಕೇರ್ ಹೋಮ್ ನೋಡೋಕೆ ಹೋದಾಗ ಏನೇನು ಗಮನಿಸ್ಬೇಕು

ಮಾಮೂಲಿ ವೃದ್ಧಾಶ್ರಮ ಹುಡುಕೋದಕ್ಕೂ ಡಿಮೆನ್ಶಿಯಾ (ನೆನಪು, ಬುದ್ಧಿ ಕುಂದ್ತಾ ಹೋಗೋ ಕಾಯಿಲೆ) ಇರೋರಿಗೆ ಹೋಮ್ ಹುಡುಕೋದಕ್ಕೂ ದೊಡ್ಡ ವ್ಯತ್ಯಾಸ ಏನಂದ್ರೆ, ಇವ್ರು ನಿಮಗೆ ಫೋನ್ ಮಾಡಿ ದೂರು ಹೇಳಲ್ಲ. ನೆನಪು ಸರಿ ಇರೋ ಅಜ್ಜಿ ಆದ್ರೆ ಸಾರು ನೀರು ನೀರಾಗಿತ್ತು, ಕೂಗಿದ್ರೂ ಯಾರೂ ಬರಲಿಲ್ಲ, ಆ ಹುಡುಗಿ ಗದರಿದ್ಲು ಅಂತ ಅವತ್ತು ಸಂಜೆಗೇ ಮಗಳಿಗೆ ಒಪ್ಪಿಸಿಬಿಡ್ತಾರೆ. ಡಿಮೆನ್ಶಿಯಾ ಇರೋರು ಊಟ ಮುಗಿಸಿ ಕೈ ತೊಳೆದ ಮೇಲೂ "ಇಲ್ಲಿ ಊಟಾನೇ ಹಾಕಲ್ಲ" ಅಂತಾರೆ, ನಿಜವಾಗ್ಲೂ ಹಸಿದಿದ್ದಾಗ ಸುಮ್ನೆ ಕೂತಿರ್ತಾರೆ. ಅವರು ಹೇಳೋಕಾಗದೇ ಇರೋದನ್ನೆಲ್ಲ ನಾವೇ ನೋಡಿ ತಿಳ್ಕೋಬೇಕು. ನಮ್ಮ ದೊಡ್ಡಮ್ಮನಿಗೋಸ್ಕರ ಬೆಂಗಳೂರಲ್ಲಿ ಹೋಮ್‌ಗಳನ್ನ ಸುತ್ತುವಾಗ ನಾನು ಕಲಿತಿದ್ದನ್ನ ಇಲ್ಲಿ ಬರೀತಿದೀನಿ, ಯಾರಿಗಾದ್ರೂ ಉಪಯೋಗ ಆಗ್ಲಿ.

ಹೋಮ್ ನೋಡೋಕೆ ಹೊರಡೋ ಮುಂಚೆ ಡಾಕ್ಟರ್ ಹತ್ರ ಯಾವ ಥರದ ಡಿಮೆನ್ಶಿಯಾ, ಈಗ ಯಾವ ಹಂತ ಅಂತ ಬರೆಸ್ಕೊಳ್ಳಿ. ಬೆಂಗಳೂರಲ್ಲಿ ನಿಮ್ಹಾನ್ಸ್, ಧಾರವಾಡದ ಕಡೆಯವರಿಗೆ ಡಿಮ್ಹಾನ್ಸ್ ಆಸ್ಪತ್ರೆ ಇದೆ, ಊರಲ್ಲಿ ಒಳ್ಳೆ ನರರೋಗ ಡಾಕ್ಟರ್ ಇದ್ರೆ ಅವರೇ ಸಾಕು. ಇದ್ಯಾಕೆ ಅಂದ್ರೆ ಬಿ12 ಕಮ್ಮಿ ಆದ್ರೂ ಥೈರಾಯ್ಡ್ ಏರುಪೇರಾದ್ರೂ ಮರೆವು ಬರುತ್ತೆ, ಯೂರಿನ್ ಇನ್ಫೆಕ್ಷನ್ ಆದ್ರೆ ಎರಡೇ ದಿನದಲ್ಲಿ ವಯಸ್ಸಾದವರು ಪೂರ್ತಿ ಗೊಂದಲಕ್ಕೆ ಬೀಳಬಹುದು, ಇವಕ್ಕೆಲ್ಲ ಔಷಧಿ ಇದೆ, ಹೋಮ್ ಬೇಕಾಗಿಲ್ಲ. ಇನ್ನೊಂದು ಕಾರಣಾನೂ ಇದೆ. ಡಿಮೆನ್ಶಿಯಾದಲ್ಲೇ ಬೇರೆ ಬೇರೆ ಥರ ಇದೆ, ಅಲ್ಜೈಮರ್ಸ್ ಇರೋರ ಆರೈಕೆ ಬೇರೆ, ಲೂಯಿ ಬಾಡಿ ಡಿಮೆನ್ಶಿಯಾ ಇರೋರದ್ದೇ ಬೇರೆ. ಲೂಯಿ ಬಾಡಿ ಇರೋರಿಗೆ ಚಡಪಡಿಕೆ ತಗ್ಗಿಸೋಕೆ ಕೊಡೋ ಹ್ಯಾಲೋಪೆರಿಡಾಲ್ ಥರದ ಮಾತ್ರೆ ಕೊಟ್ರೆ ಮೈಯೆಲ್ಲ ಬಿಗಿದು ಜೀವಕ್ಕೇ ಅಪಾಯ ಆಗಬಹುದು. ಆ ಚೀಟಿ ತೋರಿಸಿದಾಗ ಹೋಮ್‌ನವರು ಓದಿ ಎರಡು ಪ್ರಶ್ನೆ ಕೇಳ್ತಾರಾ, ಇಲ್ಲ "ಎಲ್ಲಾ ಥರದ ಪೇಷೆಂಟೂ ಇದಾರೆ ಮೇಡಂ, ಏನೂ ಯೋಚ್ನೆ ಮಾಡ್ಬೇಡಿ" ಅಂತ ಪಕ್ಕಕ್ಕೆ ಇಡ್ತಾರಾ ನೋಡಿ. ಅಲ್ಲೇ ಅರ್ಧ ಗೊತ್ತಾಗುತ್ತೆ.

2023ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಜನಕ್ಕೆ ಡಿಮೆನ್ಶಿಯಾ ಇದೆ, ಅಂದ್ರೆ ಸುಮಾರು 88 ಲಕ್ಷ ಜನ. ಅಷ್ಟು ಜನಕ್ಕೆ ಹೋಲಿಸಿದ್ರೆ ಅವರಿಗೆ ಅಂತಲೇ ಇರೋ ಜಾಗಗಳು ತುಂಬಾ ಕಮ್ಮಿ. ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಅನ್ನೋ ಸಂಸ್ಥೆಯವರ ಡಿಮೆನ್ಶಿಯಾ ಕೇಂದ್ರ ಇದೆ, ಬೇರೆ ಕೆಲವು ಖಾಸಗಿ ಹೋಮ್‌ಗಳೂ ಇದಾವೆ. ಎಆರ್‌ಡಿಎಸ್‌ಐ ಅಂತ ಡಿಮೆನ್ಶಿಯಾ ಇರೋರಿಗೂ ಅವರ ಮನೆಯವರಿಗೂ ನೆರವಾಗೋಕೆ 1992ರಲ್ಲಿ ಶುರುವಾದ ಸಂಸ್ಥೆ ಇದೆ, ಅವರನ್ನ ಕೇಳಿದ್ರೆ ದಾರಿ ಹೇಳ್ತಾರೆ. ಹಿರಿಯರ ಸಹಾಯವಾಣಿ 14567ಕ್ಕೂ ಫೋನ್ ಮಾಡಬಹುದು. ಸಣ್ಣ ಊರುಗಳಲ್ಲಿ ಸಿಗೋದು ಹೆಚ್ಚಾಗಿ ಮಾಮೂಲಿ ವೃದ್ಧಾಶ್ರಮಾನೇ, ಅಲ್ಲಿ ಸೇರಿಸೋ ಹಾಗಿದ್ರೆ ಕಾಯಿಲೆ ವಿಷಯ ಮುಚ್ಚಿಡಬೇಡಿ. ಮುಚ್ಚಿಟ್ಟು ಸೇರಿಸಿದ್ರೆ ಮೊದಲನೇ ರಾತ್ರಿ ಅವರು ಗೇಟ್ ಹತ್ರ ನಿಂತು "ನಮ್ಮನೆಗೆ ಕಳ್ಸಿ" ಅಂತ ಕೂಗೋಕೆ ಶುರು ಮಾಡಿದಾಗ ಅಲ್ಲಿರೋರಿಗೂ ಏನ್ಮಾಡ್ಬೇಕು ಗೊತ್ತಾಗಲ್ಲ, ಕಷ್ಟ ಪಡೋದು ನಿಮ್ಮ ಅಮ್ಮಾನೇ.

ಈಗ ಹೋಗಿ ನೋಡೋ ವಿಷಯಕ್ಕೆ ಬರ್ತೀನಿ. ಎಲ್ಲರೂ ನಿಮ್ಮನ್ನ ಬೆಳಗ್ಗೆ ಹನ್ನೊಂದು ಗಂಟೆಗೆ ಕರೀತಾರೆ. ಆ ಹೊತ್ತಿಗೆ ಎಲ್ಲರಿಗೂ ಸ್ನಾನ ಆಗಿರುತ್ತೆ, ತಲೆ ಬಾಚಿ ಕುಂಕುಮ ಇಟ್ಟು ಹಾಲ್‌ನಲ್ಲಿ ಕೂರಿಸಿರ್ತಾರೆ, ಫಿಸಿಯೋ ಬಂದಿರ್ತಾರೆ, ನೋಡೋಕೆ ಚೆನ್ನಾಗಿರುತ್ತೆ. ಹೋಗಿ, ನೋಡಿ, ಬೇಡ ಅನ್ನಲ್ಲ, ಆದ್ರೆ ತೀರ್ಮಾನ ಮಾಡೋಕೆ ಮುಂಚೆ ಇನ್ನೊಂದ್ಸಲ ಸಂಜೆ ಐದರಿಂದ ಏಳರ ಒಳಗೆ, ಆದಷ್ಟೂ ಮುಂಚೆ ಹೇಳ್ದೆ ಹೋಗಿ. ಡಿಮೆನ್ಶಿಯಾ ಇರೋ ಬಹಳ ಜನಕ್ಕೆ ಕತ್ತಲಾಗ್ತಿದ್ದ ಹಾಗೆ ಚಡಪಡಿಕೆ ಜಾಸ್ತಿ ಆಗುತ್ತೆ, ಮನೆಗೆ ಹೋಗ್ಬೇಕು, ಮಕ್ಕಳು ಸ್ಕೂಲಿಂದ ಬಂದಿರ್ತಾರೆ, ಹಾಲು ಕರೀಬೇಕು ಅಂತ ಎದ್ದು ಓಡಾಡೋಕೆ ಶುರು ಮಾಡ್ತಾರೆ. ಅದೇ ಹೊತ್ತಿಗೆ ಹೋಮ್‌ನಲ್ಲಿ ಶಿಫ್ಟ್ ಬದಲಾಗ್ತಿರುತ್ತೆ, ಕೆಲಸದವರಿಗೂ ಸುಸ್ತಾಗಿರುತ್ತೆ. ಆ ಎರಡು ಗಂಟೆ ಹೇಗೆ ನಡೆಯುತ್ತೋ ಅದೇ ಆ ಹೋಮು.

ಅಲ್ಲಿ ಸುಮ್ನೆ ಒಂದು ಮೂಲೆಲಿ ಕೂತ್ಕೊಳ್ಳಿ. ಒಬ್ರು ಅಜ್ಜಿ ಒಂದೇ ಪ್ರಶ್ನೆನ ಹತ್ತು ಸಲ ಕೇಳಿದಾಗ ಹತ್ತನೇ ಸಲ ಅವರನ್ನ ನೋಡ್ಕೊಳ್ಳೋ ಹುಡುಗಿ ಹೇಗೆ ಉತ್ತರ ಕೊಡ್ತಾಳೆ ಅನ್ನೋದನ್ನ ಕೇಳಿಸ್ಕೊಳ್ಳಿ. ಮಾತಾಡ್ಸುವಾಗ ಮುಂದೆ ಬಂದು ಮುಖ ನೋಡಿ ಮಾತಾಡ್ತಾರಾ, ಇಲ್ಲ ಹಿಂದಿನಿಂದ ಬಂದು ವೀಲ್‌ಚೇರ್ ಎಳ್ಕೊಂಡು ಹೋಗ್ತಾರಾ. ಊಟ ತಿನ್ನಿಸುವಾಗ ಪಕ್ಕದಲ್ಲಿ ಕೂತು ತಿನ್ನಿಸ್ತಾರಾ, ನಿಂತ್ಕೊಂಡು ಒಬ್ಬೊಬ್ರ ಬಾಯಿಗೂ ತುತ್ತು ತುರುಕ್ತಾ ಹೋಗ್ತಾರಾ. ಇದು ಬರೀ ಪ್ರೀತಿಯ ಪ್ರಶ್ನೆ ಅಲ್ಲ, ಕಾಯಿಲೆ ಮುಂದುವರೆದ ಹಾಗೆ ನುಂಗೋದು ಕಷ್ಟ ಆಗುತ್ತೆ, ಅವಸರ ಮಾಡಿದ್ರೆ ಅನ್ನ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತೆ, ಎಷ್ಟೋ ಜನ ಕೊನೆಗೆ ಹೋಗೋದೇ ಅದರಿಂದ.

ನಾವು ನೋಡಿದ ಒಂದು ಕಡೆ ಬಿಲ್ಡಿಂಗ್ ತುಂಬಾ ಭರ್ಜರಿ, ರಿಸೆಪ್ಷನ್‌ನಲ್ಲಿ ಕಾರಂಜಿ, ಆದ್ರೆ ಸಂಜೆ ಹೋದಾಗ ಹಾಲ್‌ನಲ್ಲಿ ಟಿವಿ ಜೋರಾಗಿ ಹಿಂದಿ ಸೀರಿಯಲ್ ಓಡ್ತಿತ್ತು, ಕೂತಿದ್ದವರಲ್ಲಿ ಒಬ್ರೂ ಅದನ್ನ ನೋಡ್ತಿರಲಿಲ್ಲ, ಒಬ್ರು ತಾತನ ಸೊಂಟಕ್ಕೆ ದುಪಟ್ಟಾ ಸುತ್ತಿ ಕುರ್ಚಿಗೆ ಕಟ್ಟಿದ್ರು. ಕೇಳಿದ್ದಕ್ಕೆ "ಬಿದ್ದುಬಿಡ್ತಾರೆ ಸರ್, ಸೇಫ್ಟಿಗೆ" ಅಂದ್ರು. ಇದನ್ನ ಒಪ್ಕೋಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅದರ ಕೆಳಗೆ ಬರೋ ಸಂಸ್ಥೆಗಳಿಗೆ ಸ್ಪಷ್ಟವಾಗಿ ಹೇಳುತ್ತೆ, ಕಟ್ಟಿಹಾಕೋದನ್ನ ಶಿಕ್ಷೆಗೆ ಬಳಸೋ ಹಾಗಿಲ್ಲ, ಜನ ಕಮ್ಮಿ ಇದಾರೆ ಅನ್ನೋ ಕಾರಣಕ್ಕಂತೂ ಬಳಸೋ ಹಾಗೇ ಇಲ್ಲ. "ನಿಮ್ಮಲ್ಲಿ ಯಾವಾಗ ಕಟ್ತೀರಾ, ಯಾರು ಹೇಳಿದ್ರೆ ಕಟ್ತೀರಾ, ಎಲ್ಲಿ ಬರ್ದಿಡ್ತೀರಾ" ಅಂತ ನೇರವಾಗಿ ಕೇಳಿ. ಕೆಲವು ಕಡೆ ಬಟ್ಟೆಲಿ ಕಟ್ಟಲ್ಲ, ಕುರ್ಚಿ ಮುಂದೆ ಟ್ರೇ ಹಾಕಿ ಲಾಕ್ ಮಾಡ್ತಾರೆ, ಏಳೋಕೆ ಆಗದಿರೋ ಅಷ್ಟು ಆಳದ ಸೋಫಾದಲ್ಲಿ ಕೂರಿಸ್ತಾರೆ, ಅದೂ ಕಟ್ಟಿದ ಹಾಗೇ.

ಮಾತ್ರೆಯಿಂದ ಕಟ್ಟೋದು ಇನ್ನೊಂದು. ಸಂಜೆ ಆರಕ್ಕೇ ಎಲ್ಲರೂ ತಲೆ ಜೋತುಬಿಟ್ಟು ತೂಕಡಿಸ್ತಿದ್ರೆ ಅನುಮಾನ ಪಡಿ. ಕ್ವಿಟಿಯಪಿನ್, ರಿಸ್ಪೆರಿಡೋನ್, ಒಲಾಂಜಪಿನ್ ಥರದ ಚಡಪಡಿಕೆ, ಭ್ರಮೆ ತಗ್ಗಿಸೋ ಮಾತ್ರೆಗಳು ಕೆಲವರಿಗೆ ನಿಜವಾಗ್ಲೂ ಬೇಕಾಗುತ್ತೆ, ನಮ್ಮ ದೊಡ್ಡಮ್ಮನಿಗೂ ಸ್ವಲ್ಪ ದಿನ ಕೊಟ್ಟಿದ್ರು, ಆದ್ರೆ ಡಿಮೆನ್ಶಿಯಾ ಇರೋ ವಯಸ್ಸಾದವರಲ್ಲಿ ಈ ಮಾತ್ರೆಗಳಿಂದ ಸಾವಿನ ಅಪಾಯ ಜಾಸ್ತಿ ಆಗುತ್ತೆ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಗಂಭೀರ ಎಚ್ಚರಿಕೆ ಕೊಟ್ಟಿದೆ. ಅದಕ್ಕೇ ಯಾವ ಡಾಕ್ಟರ್ ಬರೀತಾರೆ, ಎಷ್ಟು ದಿನಕ್ಕೊಮ್ಮೆ ಬಂದು ಡೋಸ್ ನೋಡ್ತಾರೆ, ಹೊಸ ಮಾತ್ರೆ ಶುರು ಮಾಡೋ ಮುಂಚೆ ನಿಮಗೆ ಫೋನ್ ಮಾಡ್ತಾರಾ ಅಂತ ಕೇಳ್ಕೊಳ್ಳಿ, ಫೋನ್ ಮಾಡ್ಲೇಬೇಕು ಅಂತ ಬರವಣಿಗೆಲಿ ಹಾಕಿಸಿ.

ಸ್ಟಾಫ್ ಎಷ್ಟು ಜನ ಅಂತ ಕೇಳಿದ್ರೆ ಎಲ್ಲರೂ ಹಗಲಿನ ಲೆಕ್ಕ ಕೊಡ್ತಾರೆ, ಅದರಲ್ಲಿ ಅಡುಗೆಯವರು, ವಾಚ್‌ಮನ್, ಮ್ಯಾನೇಜರೂ ಸೇರಿರ್ತಾರೆ. ನೀವು ಕೇಳ್ಬೇಕಾಗಿರೋದು ರಾತ್ರಿ ಹನ್ನೊಂದಕ್ಕೆ ಈ ಫ್ಲೋರ್‌ನಲ್ಲಿ ಎಚ್ಚರ ಇರೋರು ಎಷ್ಟು ಜನ, ಅವರಲ್ಲಿ ನರ್ಸ್ ಯಾರು ಅನ್ನೋದು. ಡ್ಯೂಟಿ ಪಟ್ಟಿ ತೋರ್ಸಿ ಅನ್ನಿ. ಅಟೆಂಡರ್‌ಗಳು ಇಲ್ಲಿ ಎಷ್ಟು ವರ್ಷದಿಂದ ಇದಾರೆ ಅಂತ ಅವರನ್ನೇ ಮಾತಾಡ್ಸಿ ಕೇಳಿ. ಎಲ್ಲರೂ ಎರಡು ಮೂರು ತಿಂಗಳ ಹಿಂದೆ ಬಂದವರೇ ಆದ್ರೆ ಅಲ್ಲಿ ಯಾರಿಗೂ ನಿಮ್ಮಪ್ಪನ ಪರಿಚಯ ಆಗೋ ಅಷ್ಟು ಟೈಮ್ ಸಿಗಲ್ಲ.

ಭಾಷೆ ವಿಷಯ ನನಗೆ ತುಂಬಾ ಮುಖ್ಯ ಅನ್ಸುತ್ತೆ. ಕಾಯಿಲೆ ಮುಂದುವರೆದ ಹಾಗೆ ಎಷ್ಟೋ ಜನಕ್ಕೆ ಆಮೇಲೆ ಕಲಿತ ಭಾಷೆಗಳು ಮೊದಲು ಹೋಗ್ತವೆ, ಬ್ಯಾಂಕಲ್ಲಿ ಮೂವತ್ತು ವರ್ಷ ಇಂಗ್ಲಿಷ್‌ನಲ್ಲಿ ಕೆಲಸ ಮಾಡಿದೋರಿಗೂ ಕೊನೆಗೆ ಮನೆ ಮಾತೇ ಉಳಿಯಬಹುದು, ತುಳುವೋ ಕೊಂಕಣಿಯೋ ಹವ್ಯಕವೋ. ಬೆಂಗಳೂರಿನ ಹೋಮ್‌ಗಳಲ್ಲಿ ಕೆಲಸಕ್ಕೆ ಬರೋ ಮಕ್ಕಳು ಎಷ್ಟೋ ಜನ ಒಡಿಶಾ, ಜಾರ್ಖಂಡ್, ಈಶಾನ್ಯ ರಾಜ್ಯಗಳ ಕಡೆಯವರು, ಒಳ್ಳೆ ಮಕ್ಕಳು, ಅವರ ಬಗ್ಗೆ ನನ್ನ ತಕರಾರಿಲ್ಲ, ಆದ್ರೆ "ಉಚ್ಚೆ ಬಂತು" ಅನ್ನೋದು ಅರ್ಥ ಆಗದಿದ್ರೆ ಬಟ್ಟೆ ಒದ್ದೆ ಆಗುತ್ತೆ, ಆಮೇಲೆ ಆ ಅಜ್ಜಿಗೆ ಕಂಟ್ರೋಲ್ ಇಲ್ಲ ಅಂತ ಬರ್ದು ಡೈಪರ್ ಹಾಕ್ತಾರೆ. ಪ್ರತಿ ಶಿಫ್ಟ್‌ನಲ್ಲೂ ಕನ್ನಡ ಬರೋರು ಒಬ್ರಾದ್ರೂ ಇದಾರಾ ಕೇಳಿ. ಇಲ್ಲದಿದ್ರೆ ಇಪ್ಪತ್ತು ಮೂವತ್ತು ಮಾತು ಬರ್ದು ಕೊಡಿ, ನೀರು, ನೋವು, ಚಳಿ, ಕಕ್ಕಸು, ಸಾಕು, ಬೇಡ, ಜೊತೆಗೆ ಅವರು ಮನೇಲಿ ಬಳಸೋ ಮಾತುಗಳು.

ಸ್ನಾನದ ಬಗ್ಗೆ ಬಿಡಿಸಿ ಕೇಳಿ, "ಸ್ನಾನ ಬೇಡ ಅಂತ ಹಟ ಮಾಡಿದ್ರೆ ಏನ್ಮಾಡ್ತೀರಾ?" ಈ ಒಂದು ಪ್ರಶ್ನೆಗೆ ಬರೋ ಉತ್ತರದ ಮೇಲೆ ನಾನು ಹೋಮ್ ಆರಿಸ್ತೀನಿ. "ಇಬ್ರು ಹಿಡ್ಕೊಂಡು ಮಾಡಿಸ್ಬಿಡ್ತೀವಿ" ಅಂದ್ರೆ ಅಲ್ಲಿಂದ ಎದ್ದು ಬನ್ನಿ. ಜೀವನಪೂರ್ತಿ ಚೊಂಬಲ್ಲಿ ಮೊಗೆದು ಹುಯ್ಕೊಂಡೋರಿಗೆ ತಲೆ ಮೇಲಿಂದ ಶವರ್ ಸುರಿದ್ರೆ ಹೆದರ್ತಾರೆ, ಅಪರಿಚಿತರು ಸೀರೆ ಬಿಚ್ಚೋಕೆ ಬಂದ್ರೆ ಹೊಡೀತಾರೆ, ನಾವಾದ್ರೂ ಹೊಡೀತೀವಿ. ನಮ್ಮ ದೊಡ್ಡಮ್ಮ ತಿಪಟೂರು ಕಡೆ ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದೋರು. ಈಗಿರೋ ಹೋಮ್‌ನಲ್ಲಿ ಒಬ್ಬಳು ಅಟೆಂಡರ್ ಇದಾಳೆ, ಅವಳು ಬಕೆಟ್‌ನಲ್ಲಿ ಬಿಸಿನೀರು ತುಂಬಿಟ್ಟು, ಟವೆಲ್ಲು ಸೀರೆ ಕಣ್ಣಿಗೆ ಕಾಣೋ ಹಾಗೆ ಇಟ್ಟು, "ಟೀಚರ್, ಇವತ್ತು ಇನ್‌ಸ್ಪೆಕ್ಟರ್ ಬರ್ತಾರಂತೆ, ಬೇಗ ರೆಡಿ ಆಗಿ" ಅಂತಾಳೆ. ದೊಡ್ಡಮ್ಮ ತಾವೇ ಎದ್ದು ಹೋಗ್ತಾರೆ, ಚೊಂಬನ್ನ ಅವರ ಕೈಗೇ ಕೊಡ್ತಾಳೆ, ಬೆನ್ನು ಮಾತ್ರ ಅವಳು ಉಜ್ಜೋದು. ಒಂದೊಂದು ದಿನ ಅದಕ್ಕೂ ಒಪ್ಪಲ್ಲ, ಅವತ್ತು ಒದ್ದೆ ಬಟ್ಟೆಲಿ ಒರೆಸಿ ಸುಮ್ನಾಗ್ತಾಳೆ, ಒಂದು ದಿನ ಸ್ನಾನ ಇಲ್ಲದಿದ್ರೆ ಏನೂ ಆಗಲ್ಲ. ಮನುಷ್ಯರ ಹಳೇ ಬದುಕನ್ನ ತಿಳ್ಕೊಂಡು ಕೆಲಸ ಮಾಡೋದು ಅಂದ್ರೆ ಇದು. ಅಡ್ಮಿಷನ್ ಫಾರ್ಮ್‌ನಲ್ಲಿ ಬಿಪಿ ಶುಗರ್ ಜೊತೆಗೆ ಏನು ಕೆಲಸ ಮಾಡ್ತಿದ್ರು, ಏನಂತ ಕರೆದ್ರೆ ಇಷ್ಟ, ಎಷ್ಟೊತ್ತಿಗೆ ಏಳ್ತಿದ್ರು, ಮುದ್ದೆನೋ ಅನ್ನಾನೋ, ಕಾಫಿ ಕುಡಿದೇ ಮಾತಾಡೋದಾ, ಇವನ್ನೆಲ್ಲ ಕೇಳೋಕೆ ಜಾಗ ಇದ್ರೆ ಆ ಹೋಮ್‌ನವರಿಗೆ ಕೆಲಸ ಗೊತ್ತಿದೆ ಅಂತ ಅರ್ಥ.

ಕಟ್ಟಡದಲ್ಲಿ ಕಾರಂಜಿ ನೋಡ್ಬೇಡಿ, ನೆಲ ನೋಡಿ. ಫಳಫಳ ಹೊಳೆಯೋ ನೆಲ ಅವರ ಕಣ್ಣಿಗೆ ನೀರು ನಿಂತ ಹಾಗೆ ಕಾಣುತ್ತೆ, ಬಾಗಿಲ ಹತ್ರ ಹಾಕಿರೋ ಕಪ್ಪು ಮ್ಯಾಟ್ ಗುಂಡಿ ಥರ ಕಾಣುತ್ತೆ, ದಾಟೋಕೆ ಹೆದರಿ ನಿಂತುಬಿಡ್ತಾರೆ. ಬಾತ್‌ರೂಮ್ ಬಾಗಿಲು ದೂರದಿಂದ ಗೊತ್ತಾಗೋ ಹಾಗಿದೆಯಾ, ಒಳಗಿಂದ ಚಿಲಕ ಹಾಕ್ಕೊಂಡ್ರೆ ಹೊರಗಿಂದ ತೆಗೆಯೋಕಾಗುತ್ತಾ, ಕಮೋಡ್ ಪಕ್ಕ ಹಿಡ್ಕೊಳೋಕೆ ಕಂಬಿ ಇದೆಯಾ. ಗೇಟ್ ಲಾಕ್ ಇರೋದು ಸರಿ, ಆದ್ರೆ ಬೆಂಕಿ ಬಿದ್ರೆ ಕೀ ಯಾರ ಹತ್ರ ಇರುತ್ತೆ, ಹಾಸಿಗೆ ಹಿಡಿದಿರೋರು ಮೂರನೇ ಮಹಡಿಲಿದ್ರೆ ಹೇಗೆ ಇಳಿಸ್ತಾರೆ ಕೇಳಿ. ಓಡಾಡೋಕೆ ಜಾಗ ಬೇಕು, ಒಂದು ಅಂಗಳವೋ ಉದ್ದ ವರಾಂಡವೋ. ವಾಸನೆ ಒಂದು ಕ್ಷಣ ಬಂದ್ರೆ ಸಹಜ, ಈಗಷ್ಟೇ ಯಾರೋ ಬಟ್ಟೆ ಒದ್ದೆ ಮಾಡ್ಕೊಂಡಿರ್ತಾರೆ, ಹಾಸಿಗೆ ಕುರ್ಚಿಯಲ್ಲೆಲ್ಲ ಹಳೇ ವಾಸನೆ ಕೂತಿದ್ರೆ ಅಥವಾ ರೂಮ್ ಫ್ರೆಶ್ನರ್ ತಲೆ ಸಿಡಿಯೋ ಹಾಗಿದ್ರೆ ಅದು ಬೇರೆ ಕಥೆ.

ದುಡ್ಡಿನ ವಿಷಯ ಬೇಗ ಹೇಳ್ಬಿಡ್ತೀನಿ. ತಿಂಗಳ ರೇಟ್ ಕೇಳಿದ ಮೇಲೆ ಅದರಲ್ಲಿ ಏನಿಲ್ಲ ಅಂತ ಕೇಳಿ. ಡೈಪರ್ ದಿನಕ್ಕೆ ಮೂರು ಅಂದ್ರೂ ತಿಂಗಳಿಗೆ ತೊಂಬತ್ತು, ಅದು ನಿಮ್ಮ ಲೆಕ್ಕಾನಾ ಅವರದ್ದಾ. ಫಿಸಿಯೋ, ಡಾಕ್ಟರ್ ವಿಸಿಟ್, ಆಂಬುಲೆನ್ಸ್, ಆಸ್ಪತ್ರೆಲಿ ಪಕ್ಕದಲ್ಲಿರೋ ಅಟೆಂಡರ್ ಎಲ್ಲಾ ಸೇರಿಸಿ ಅಂದಾಜು ಹಾಕಿ. ಅಡ್ವಾನ್ಸ್ ಯಾವಾಗ ವಾಪಸ್, ಆಸ್ಪತ್ರೆಲಿ ಇದ್ದ ದಿನಗಳಿಗೂ ಕಟ್ಬೇಕಾ, ತೀರಿಹೋದ್ರೆ ಆ ತಿಂಗಳ ದುಡ್ಡು ಏನಾಗುತ್ತೆ, ಕೇಳೋಕೆ ಸಂಕೋಚ ಆದ್ರೂ ಕೇಳಿ. ಮುಖ್ಯವಾಗಿ, "ಯಾವ ಸ್ಥಿತಿ ಬಂದ್ರೆ ವಾಪಸ್ ಕರ್ಕೊಂಡು ಹೋಗಿ ಅಂತೀರಾ?" ಕೆಲವರು ಹೊಡೆದ್ರೆ ಕಳಿಸ್ತಾರೆ, ಕೆಲವರು ಹಾಸಿಗೆ ಹಿಡಿದ್ರೆ, ಕೆಲವರು ಮೂಗಿಗೆ ಟ್ಯೂಬ್ ಹಾಕಿದ್ರೆ. ಇನ್ನೊಂದು, ಅಮ್ಮ ಸಹಿ ಹಾಕಿ ಕೊಟ್ಟ ಪವರ್ ಆಫ್ ಅಟಾರ್ನಿ ಅವರ ಬುದ್ಧಿ ಸ್ಥಿಮಿತ ತಪ್ಪಿದ ಮೇಲೆ ಕಾನೂನಲ್ಲಿ ನಿಲ್ಲಲ್ಲ, ಅದಕ್ಕೇ ಕಾಯಿಲೆ ಆರಂಭದಲ್ಲೇ ಬ್ಯಾಂಕ್ ಅಕೌಂಟ್ ಜಾಯಿಂಟ್ ಮಾಡೋದು, ವಿಲ್ ಬರೆಸೋದು ವಕೀಲರನ್ನ ಕೇಳಿ ಮುಗಿಸ್ಕೊಳ್ಳಿ.

ಸಾಧ್ಯ ಆದ್ರೆ ಪೂರ್ತಿ ಸೇರಿಸೋ ಮುಂಚೆ ಎರಡು ವಾರಕ್ಕೋ ತಿಂಗಳಿಗೋ ಅಂತ ಇಟ್ಟು ನೋಡಿ, ಡೇ ಕೇರ್ ಇದ್ರೆ ಅದರಿಂದ ಶುರು ಮಾಡಿ. "ಮೊದಲ ಒಂದು ತಿಂಗಳು ಮನೆಯವರು ಬರಬಾರದು, ಹೊಂದ್ಕೊಳೋಕೆ ಬಿಡಿ" ಅಂತ ಕೆಲವು ಕಡೆ ಹೇಳ್ತಾರೆ. ನಾನಿದನ್ನ ಒಪ್ಪಲ್ಲ. ಹೋದಾಗ ಅಳ್ತಾರೆ ನಿಜ, ಆದ್ರೆ ಆ ತಿಂಗಳೇ ಅವರಿಗೆ ಪರಿಚಯದ ಮುಖ ಬೇಕಾಗಿರೋದು, ನಿಮಗೂ ನೋಡ್ಬೇಕಾಗಿರೋದು.

ಸೇರಿಸಿದ ಮೇಲೆ ಹೋದಾಗಲೆಲ್ಲ ಮಾತಾಡ್ಸಿ ಬರೋದಷ್ಟೇ ಅಲ್ಲ, ಮೈ ನೋಡಿ. ಕಾಲಿಗೆ ಎಣ್ಣೆ ಹಚ್ತೀನಿ ಅಂತ ಕೂತ್ರೆ ಹಿಮ್ಮಡಿ ಕಾಣುತ್ತೆ, ಒರಗಿಸಿ ಬೆನ್ನು ಸೊಂಟ ನೋಡಿ, ಒತ್ತಿದ್ರೂ ಮಾಸದ ಕೆಂಪು ಇದ್ರೆ ಹಾಸಿಗೆ ಹುಣ್ಣು ಶುರು ಆಗ್ತಿದೆ ಅಂತ, ಸರಿಯಾಗಿ ಮಗ್ಗುಲು ಬದಲಾಯಿಸ್ತಿಲ್ಲ. ತುಟಿ ನಾಲಿಗೆ ಒಣಗಿದ್ರೆ ನೀರು ಸಾಲ್ತಿಲ್ಲ. ಉಗುರು ಬೆಳೆದಿದೆಯಾ, ಹಲ್ಲಿನ ಸೆಟ್ ಅವರದ್ದೇನಾ, ಕನ್ನಡಕ ಎಲ್ಲಿ, ತೋಳಿನ ಒಳಗಡೆ ಹಿಡಿದ ಗುರುತು ಇದೆಯಾ. ಅಮೆರಿಕದಲ್ಲೋ ದುಬೈಲೋ ಇರೋರಿಗೆ ವಿಡಿಯೋ ಕಾಲ್‌ನಲ್ಲಿ ಕಾಣೋದು ಮುಖ ಮಾತ್ರ, ಅದಕ್ಕೆ ಊರಲ್ಲಿರೋ ಅತ್ತಿಗೆನೋ ಹಳೇ ಪಕ್ಕದ ಮನೆಯವರೋ ಒಬ್ರನ್ನ ಬೇರೆ ಬೇರೆ ಹೊತ್ತಲ್ಲಿ ಹೋಗಿ ನೋಡೋಕೆ ಗೊತ್ತು ಮಾಡ್ಕೊಳ್ಳಿ, ಅವರ ಹೆಸರನ್ನ ಹೋಮ್‌ನ ರಿಜಿಸ್ಟರ್‌ನಲ್ಲಿ ಮೊದಲೇ ಬರೆಸಿಡಿ, ಇಲ್ಲಾಂದ್ರೆ ಗೇಟಲ್ಲೇ ನಿಲ್ಲಿಸ್ತಾರೆ. ತಿಂಗಳಿಗೊಂದ್ಸಲ ತೂಕ ನೋಡಿ ವಾಟ್ಸಾಪ್ ಮಾಡೋಕೆ ಹೇಳಿ, ಎರಡು ತಿಂಗಳು ಸತತವಾಗಿ ಇಳಿದ್ರೆ ಊಟದ ಹೊತ್ತಿಗೇ ಹೋಗಿ ಪಕ್ಕದಲ್ಲಿ ಕೂತು ಪೂರ್ತಿ ಊಟ ನೋಡಿ, ಡಾಕ್ಟರ್‌ಗೂ ತೋರ್ಸಿ.