ಹಳೆ ಪಾಲಿಯೋ ಮತ್ತೆ ಮಾತು ಕೇಳಿದ್ದು ಹೀಗೆ

ಹಳೆ ಫಿಯೆಟ್ ಪಾಲಿಯೋ 1.6 ಕಾರು ಇಟ್ಟುಕೊಂಡವರಿಗೆ ಸಲಹೆಗೆ ಬರವಿಲ್ಲ. ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಕಾರು ನಿಲ್ಲಿಸಿ ಒಂದು ಚಾ ಕುಡಿದು ಬರುವಷ್ಟರಲ್ಲಿ ಯಾರಾದರೂ ಹತ್ತಿರ ಬಂದು, "ಸ್ಪ್ರಿಂಗ್ ಕಟ್ ಮಾಡ್ಸಿ, ಅಗಲದ ಟೈರ್ ಹಾಕ್ಸಿ, ಆಮೇಲೆ ನೋಡಿ ಇದರ ಓಟ" ಅಂತ ಹೇಳಿ ಹೋಗುತ್ತಾರೆ. ಚಕ್ರ ಹಿಡಿದಿರುವ ಕೀಲುಗಳಲ್ಲಿ ಕೂರುವ ರಬ್ಬರ್, ಅದೇ ಬುಷ್, ಹೇಗಿದೆ ಅಂತ ಕೇಳಿದವರು ಯಾರೂ ಇಲ್ಲ. ನಾನು ಮಾಡಿದ ಕೆಲಸ ಶುರುವಾಗುವುದೇ ಆ ಬುಷ್‌ನಿಂದ.

ಗೊತ್ತಿಲ್ಲದವರಿಗೆ ಕಾರಿನ ಬಗ್ಗೆ ಎರಡು ಮಾತು. ಫಿಯೆಟ್ ಪಾಲಿಯೋ ನಮ್ಮ ದೇಶಕ್ಕೆ ಬಂದದ್ದು 2001ರಲ್ಲಿ. ಜಾಹೀರಾತಿನಲ್ಲಿ ಸಚಿನ್ ತೆಂಡೂಲ್ಕರ್ ಇದ್ದರು. ಅದರಲ್ಲಿ 1.6 ಲೀಟರಿನ, 16 ವಾಲ್ವಿನ ಎಂಜಿನ್ ಇದ್ದ ಮಾಡೆಲಿಗೆ ಸುಮಾರು 100 ಎಚ್‌ಪಿ ಪವರ್. ಆ ಕಾಲದ ಸಣ್ಣ ಕಾರಿಗೆ ಅದು ಜಾಸ್ತಿಯೇ. ಎರಡು ಸೀಟಿನ ಸ್ಪೋರ್ಟ್ಸ್ ಕಾರು ಇದಲ್ಲ, ಆದರೆ ನಮ್ಮ ಕೈಗೆಟುಕುವ ಹಳೆ ಕಾರುಗಳಲ್ಲಿ ಇಷ್ಟು ಚುರುಕಿನದ್ದು ಹುಡುಕಿದರೂ ಸಿಗುವುದು ಕಷ್ಟ. ಪೆಟ್ರೋಲ್ ಕುಡಿಯುವುದರಲ್ಲೂ ಅಷ್ಟೇ ಚುರುಕು.

ಎಂಜಿನ್ ಇನ್ನೂ ಗಟ್ಟಿ. ಕೆಟ್ಟದ್ದು ಕೆಳಗಿನ ಭಾಗ. ಮುಳ್ಳೇರಿಯದಿಂದ ಆದೂರಿನ ಕಡೆಗೆ ಹೋಗುವಾಗ ಒಂದರ ಹಿಂದೆ ಒಂದು ತಿರುವು ಸಿಗುತ್ತದಲ್ಲ, ಅಲ್ಲಿ ಕಾರಿನ ಗುಣ ಗೊತ್ತಾಗುತ್ತದೆ. ಸ್ಟಿಯರಿಂಗ್ ತಿರುಗಿಸಿದ ಮೇಲೆ ಮೂತಿ ಸ್ವಲ್ಪ ಯೋಚನೆ ಮಾಡಿ ತಿರುಗುತ್ತಿತ್ತು. ತಿರುವಿನ ಮಧ್ಯದಲ್ಲಿ ಒಂದು ಗುಂಡಿ ಸಿಕ್ಕಿದರೆ ಹಿಂಭಾಗ ಒಮ್ಮೆ ಪಕ್ಕಕ್ಕೆ ಜಿಗಿಯುತ್ತಿತ್ತು. ಬ್ರೇಕ್ ಒತ್ತಿದರೆ ಎಡಕ್ಕೆ ಎಳೆತ. ತಲಪಾಡಿ ಕಡೆಯ ಹೊಸ ಆರು ಪಥದ ಹೆದ್ದಾರಿಯಲ್ಲಿ 80ರ ಮೇಲೆ ಹೋದರೆ ಸುಮ್ನೆ ನೇರ ಹೋಗಲಿಕ್ಕೂ ಸ್ಟಿಯರಿಂಗನ್ನು ಆಚೆ ಈಚೆ ತಿದ್ದುತ್ತಲೇ ಇರಬೇಕು. ಹಂಪ್ ಹತ್ತಿ ಇಳಿಯುವಾಗ ಮುಂದುಗಡೆ ಕಟಕ್ ಅಂತ ಶಬ್ದ ಬೇರೆ.

ನಮ್ಮ ಗ್ಯಾರೇಜಿನವರನ್ನು ಊರವರೆಲ್ಲ ಇಚ್ಚ ಅಂತಲೇ ಕರೆಯುವುದು. ಅವರು ಶಬ್ದದ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಶಬ್ದ ಇರ್ಲಿ ಭಟ್ರೇ, ನೀವು ಒಳಗೆ ಕೂತು ಸ್ಟಿಯರಿಂಗ್ ಆಚೆ ಈಚೆ ಮಾಡಿ" ಅಂದರು. ಕಾರು ನೆಲದ ಮೇಲೇ ಇತ್ತು. ಎಂಜಿನ್ ಆಫ್. ಅವರು ಕೆಳಗೆ ಮಲಗಿ ಸ್ಟಿಯರಿಂಗಿನಿಂದ ಚಕ್ರದವರೆಗಿನ ಕೀಲುಗಳಾದ ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ರ‍್ಯಾಕ್ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿದರು. ಪ್ಲೇ, ಅಂದರೆ ಸಡಿಲು, ಇದ್ದರೆ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ಜ್ಯಾಕ್ ಕೊಟ್ಟು ಚಕ್ರ ಎತ್ತಿದೆವು. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಆಡುವುದು ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಆಡಿದರೆ ಟೈ ರಾಡ್ ಅಥವಾ ರ‍್ಯಾಕ್. ಕೊನೆಗೆ ಚಕ್ರವನ್ನು ಕೆಳಗಿನಿಂದ ಕಾರಿನ ಬಾಡಿಯೊಂದಿಗೆ ಜೋಡಿಸುವ ಲೋವರ್ ಆರ್ಮ್‌ನ ಬುಷ್ ಪಕ್ಕಕ್ಕೆ ಒಂದು ಉದ್ದದ ಲಿವರ್ ಕೊಟ್ಟು ಮೀಟಿದರು. ಆರ್ಮ್ ಹಿಂದಕ್ಕೆ ಹೋಯಿತು, ಕೈ ಬಿಟ್ಟರೆ ಮುಂದಕ್ಕೆ ಬಂತು. ರಬ್ಬರ್ ಒಳಗಿನ ಕಬ್ಬಿಣದ ತೋಳಿನಿಂದ (ಬೋಲ್ಟ್ ತೂರುವ ಕೊಳವೆಯಿಂದ) ಪೂರ್ತಿ ಬಿಟ್ಟುಹೋಗಿತ್ತು. ಬ್ರೇಕ್ ಹಾಕಿದಾಗ ಎಡಕ್ಕೆ ಎಳೆಯುತ್ತಿದ್ದುದು ಇದೇ. ಎಡ ಚಕ್ರ ಬ್ರೇಕಿನ ಒತ್ತಡಕ್ಕೆ ಹಿಂದಕ್ಕೆ ಸರಿದು ತನ್ನ ದಿಕ್ಕನ್ನೇ ಬದಲಿಸುತ್ತಿತ್ತು. ಇಂಥ ಕಾರಿನಲ್ಲಿ ಹೋಗುವುದು ಹಿಡಿ ಸಡಿಲಾದ ಕತ್ತಿಯಲ್ಲಿ ಕಾಡು ಸವರಿದ ಹಾಗೆ, ಬೀಸುವುದು ಒಂದು ಕಡೆ, ಬೀಳುವುದು ಇನ್ನೊಂದು ಕಡೆ.

ಆ ಎಳೆತಕ್ಕೆ ಮೊದಲು ಒಂದು ಕಡೆ ವೀಲ್ ಅಲೈನ್‌ಮೆಂಟ್ ಮಾಡಿಸಿದ್ದೆ. ಅಂಗಡಿಯವರು ಬುಷ್ ನೋಡದೆಯೇ ಟೋ (ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಸರಿಮಾಡಿ, ಎಲ್ಲ ಹಸಿರು ಬಣ್ಣದಲ್ಲಿರುವ ಪ್ರಿಂಟ್ ಕೈಗೆ ಕೊಟ್ಟಿದ್ದರು. ನಿಂತ ಕಾರಿಗೆ ಆ ಅಳತೆ ಸರಿಯೇ. ಓಡುವಾಗ ಆರ್ಮ್ ತನಗೆ ಬೇಕಾದ ಕಡೆ ಹೋಗುತ್ತದಲ್ಲ, ಆಗ ಪ್ರಿಂಟಿಗೆ ಏನು ಬೆಲೆ? ಅದಕ್ಕೇ ಅಲೈನ್‌ಮೆಂಟನ್ನು ಈ ಸಲ ಕಟ್ಟಕಡೆಗೆ ಇಟ್ಟೆ.

ಬಿಚ್ಚುವ ಮೊದಲು ಒಂದು ಅಳತೆ ಬೇಕು. ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ ಪ್ರತಿ ಚಕ್ರದ ನಟ್ಟನಡುವಿನಿಂದ ಮೇಲಿನ ಫೆಂಡರಿನ ಅಂಚಿನವರೆಗೆ ಟೇಪ್ ಹಿಡಿದು ಬರೆದಿಟ್ಟೆ. ನೆಲದಿಂದ ಅಳೆದರೆ ಟೈರಿನ ಸವೆತ, ಗಾಳಿ ಎಲ್ಲ ಲೆಕ್ಕಕ್ಕೆ ಬರುತ್ತದೆ. ಚಕ್ರದ ನಡುವಿನಿಂದ ಅಳೆದರೆ ಸ್ಪ್ರಿಂಗಿನ ಕಥೆ ಮಾತ್ರ ಸಿಗುತ್ತದೆ. ಡ್ರೈವರ್ ಕಡೆ ಒಂದಿಷ್ಟು ತಗ್ಗಿತ್ತು, ಒಬ್ಬನೇ ಓಡಿಸುವ ಕಾರಿಗೆ ಅದು ಸಹಜ. ಸ್ಪ್ರಿಂಗ್ ಎಲ್ಲೂ ತುಂಡಾಗಿರಲಿಲ್ಲ. ಹಾಗಾಗಿ ಸ್ಪ್ರಿಂಗ್ ಹಳೆಯದ್ದೇ ಇಟ್ಟೆ. ಆ ಅಳತೆಗೆ ಇನ್ನೊಂದು ದೊಡ್ಡ ಉಪಯೋಗವೂ ಇತ್ತು.

ಲೋವರ್ ಆರ್ಮ್ ಎರಡೂ ಕಡೆ ಇಡೀ ಹೊಸತು ಹಾಕಿದೆ. ಬುಷ್, ಬಾಲ್ ಜಾಯಿಂಟ್ ಸಮೇತ ಬರುತ್ತದೆ. ಹಳೆಯದರ ಬೋಲ್ಟ್ ಬಿಚ್ಚುವುದೇ ಸಾಹಸ. ಕುಂಬಳೆಯ ಕಡಲ ಗಾಳಿ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸಿನ ಮಳೆ, ಕೆಂಪು ಮಣ್ಣಿನ ಕೆಸರು ಮೂರೂ ಸೇರಿ ಬೋಲ್ಟು ಬುಷ್‌ನ ಒಳತೋಳಿಗೆ ಹಿಡಿದುಕೊಂಡಿತ್ತು. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿಟ್ಟಿದ್ದರಿಂದ ಎಡಗಡೆಯದ್ದು ಬಂತು. ಬಲಗಡೆಯದ್ದನ್ನು ಕೊಯ್ದು ತೆಗೆಯಬೇಕಾಯಿತು.

ಹೊಸ ಆರ್ಮ್ ಕೂರಿಸಿ ನಾನು ಸ್ಪ್ಯಾನರ್ ಕೈಗೆ ತೆಗೆದುಕೊಂಡಾಗ ಇಚ್ಚ ತಡೆದರು. "ಈಗ ಕೈಯಲ್ಲಿ ತಿರುಗಿಸಿ ಬಿಡಿ ಸಾಕು. ಚಕ್ರ ನೇತಾಡುವಾಗ ಟೈಟ್ ಮಾಡಿದ್ರೆ ರಬ್ಬರ್ ತಿರುಚಿಕೊಂಡೇ ಇರ್ತದೆ. ಆರು ತಿಂಗಳಲ್ಲಿ ಹರೀತದೆ." ಇದು ತುಂಬಾ ಕಡೆ ತಪ್ಪಿಹೋಗುವ ಕೆಲಸ. ಈ ಬುಷ್‌ನಲ್ಲಿ ರಬ್ಬರ್ ಒಳತೋಳಿಗೂ ಹೊರತೋಳಿಗೂ ಅಂಟಿಕೊಂಡೇ ಇರುತ್ತದೆ. ಬೋಲ್ಟ್ ಬಿಗಿ ಮಾಡಿದ ಕೂಡಲೇ ಒಳತೋಳು ಅಲ್ಲೇ ಕಚ್ಚಿ ನಿಲ್ಲುತ್ತದೆ. ಆರ್ಮ್ ಮೇಲೆ ಕೆಳಗೆ ಆಡುವುದೆಲ್ಲ ರಬ್ಬರಿನ ತಿರುಚಾಟದಲ್ಲೇ. ಕಾರು ನೆಲದಲ್ಲಿ ನಿಂತ ಎತ್ತರದಲ್ಲಿ ರಬ್ಬರಿಗೆ ತಿರುಚು ಇರಬಾರದು. ಅದಕ್ಕೆ ಚಕ್ರದ ನಡುಭಾಗದ ಕೆಳಗೆ ಜ್ಯಾಕ್ ಕೊಟ್ಟು ಎತ್ತಿ, ನಾನು ಬರೆದಿಟ್ಟ ಅಳತೆ ಬರುವವರೆಗೆ ಸ್ಪ್ರಿಂಗ್ ಒತ್ತಿಸಿ, ಆಮೇಲೆ ಟಾರ್ಕ್ ರೆಂಚ್ ಹಿಡಿದೆವು. ಕಾರಿನ ಕೆಳಗೆ ಸ್ಟ್ಯಾಂಡ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬಾರದು.

ಶಾಕ್ ಅಬ್ಸಾರ್ಬರ್ ಬಗ್ಗೆ ಜನ ಮಾಡುವ ಪರೀಕ್ಷೆ ಒಂದಿದೆ. ಬಾನೆಟ್ ಒತ್ತಿ ಬಿಡುವುದು, ಒಂದೇ ಸಲ ಎದ್ದು ನಿಂತರೆ ಶಾಕ್ ಸರಿ ಇದೆ ಅನ್ನುವುದು. ಪೂರ್ತಿ ಸತ್ತ ಶಾಕ್ ಆದರೆ ಅದರಲ್ಲಿ ಗೊತ್ತಾಗುತ್ತದೆ. ಅರ್ಧ ಸತ್ತದ್ದು ಗೊತ್ತಾಗುವುದಿಲ್ಲ. ನನಗೆ ಸುಳಿವು ಕೊಟ್ಟದ್ದು ಹಿಂದಿನ ಟೈರ್. ಅಂಗೈ ಹಚ್ಚಿ ಸುತ್ತಲೂ ಸವರಿದರೆ ರಬ್ಬರ್ ಒಂದೆಡೆ ಉಬ್ಬು, ಒಂದೆಡೆ ತಗ್ಗು, ಹೀಗೇ ಅಲೆ ಅಲೆಯಾಗಿ ಸವೆದಿತ್ತು. ಚಕ್ರ ರಸ್ತೆಯ ಮೇಲೆ ಕೂರದೆ ಕುಣಿಯುತ್ತಾ ಹೋದರೆ ಟೈರ್ ಹೀಗೆ ಸವೆಯುತ್ತದೆ. ತಿರುವಿನ ಗುಂಡಿಯಲ್ಲಿ ಹಿಂಭಾಗ ಜಿಗಿಯುತ್ತಿದ್ದುದಕ್ಕೂ ಇದೇ ಕಾರಣ. ಗಾಳಿಯಲ್ಲಿರುವ ಟೈರಿಗೆ ಹಿಡಿತ ಎಲ್ಲಿಂದ?

ಸ್ಪ್ರಿಂಗ್, ಶಾಕ್ ಎರಡೂ ಸೇರಿದ ಮುಂದಿನ ಸ್ಟ್ರಟ್ ಬಿಚ್ಚಿದಾಗ ಒಳಗಿನ ಬಂಪ್ ಸ್ಟಾಪ್ (ಶಾಕ್ ಪೂರ್ತಿ ಒತ್ತಿಹೋದಾಗ ತಡೆಯುವ ಮೆತ್ತೆ) ಕೈಯಲ್ಲಿ ಹಿಡಿದರೆ ಹಳದಿ ಪುಡಿಯಾಗಿ ಉದುರಿತು. ಡಸ್ಟ್ ಕವರ್ ಹರಿದು, ಶಾಕಿನ ರಾಡಿನ ಮೇಲೆ ಕೆಂಪು ಧೂಳು ಗೀರು ಹಾಕಿತ್ತು. ಅದೇ ಗೀರು ಮೇಲೆ ಕೆಳಗೆ ಆಡಿ ಆಡಿ ಸೀಲ್ ತಿಂದು ಎಣ್ಣೆ ಸೋರಿದೆ. ಹೊಸ ಶಾಕ್ ಹಾಕುವವರು ಬಂಪ್ ಸ್ಟಾಪ್, ಡಸ್ಟ್ ಕವರ್, ಮೇಲಿನ ಮೌಂಟ್ ಹೊಸತು ಹಾಕದಿದ್ದರೆ ಹೊಸ ಶಾಕೂ ಅದೇ ದಾರಿ ಹಿಡಿಯುತ್ತದೆ. ಮೇಲಿನ ನಟ್ ಬಿಗಿ ಮಾಡುವಾಗ ರಾಡನ್ನು ಇಕ್ಕಳದಲ್ಲಿ ಹಿಡಿಯಬಾರದು ಅನ್ನುವುದಕ್ಕೂ ಕಾರಣ ಈ ಗೀರಿನ ಭಯವೇ. ಸ್ಪ್ರಿಂಗ್ ಕಂಪ್ರೆಸರ್ ಕೆಲಸ ನಾನು ಇಚ್ಚನಿಗೇ ಬಿಟ್ಟೆ. ಒತ್ತಿಹಿಡಿದ ಸ್ಪ್ರಿಂಗ್ ತಪ್ಪಿಸಿಕೊಂಡರೆ ಕೈ ಮುಖ ಉಳಿಯುವುದಿಲ್ಲ.

ಶಾಕ್ ಯಾವುದು ಅನ್ನುವ ಪ್ರಶ್ನೆ ಬಂತು. ಗಟ್ಟಿ ಶಾಕ್, ತಗ್ಗು ಸ್ಪ್ರಿಂಗಿನ ಆಸೆ ನನಗೂ ಇತ್ತು, ಸುಳ್ಳು ಯಾಕೆ. ಆದರೆ ನಮ್ಮ ರಸ್ತೆ ರೇಸ್ ಟ್ರ್ಯಾಕ್ ಅಲ್ಲ. ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಹೋಗಿ ಓಡಿಸುವವರಿಗೆ ಅದು ಬೇಕು. ಉಬ್ಬು ತಗ್ಗಿನ ರಸ್ತೆಯಲ್ಲಿ ಅತಿ ಗಟ್ಟಿ ಸ್ಪ್ರಿಂಗ್ ಟೈರನ್ನು ನೆಲದಿಂದ ಎತ್ತುತ್ತದೆ, ಹಿಡಿತ ಕಡಿಮೆಯೇ ಆಗುತ್ತದೆ. ಕಾನೂನೂ ಇದೆ. ಕಂಪನಿ ಕೊಟ್ಟ ರೂಪ ಬದಲಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದ್ದು ಕೇರಳದ ಪ್ರಕರಣದಲ್ಲೇ. ಹದಿನೈದು ವರ್ಷ ದಾಟಿದ ಕೆಎಲ್ 14 (ಕಾಸರಗೋಡು ನೋಂದಣಿಯ) ಕಾರಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂ ಆಗಬೇಕು, ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕು. ಕಟ್ ಮಾಡಿದ ಸ್ಪ್ರಿಂಗ್ ಹಾಕಿಕೊಂಡು ಅಲ್ಲಿಗೆ ಹೋಗುವ ಧೈರ್ಯ ನನಗಿಲ್ಲ. ಕಂಪನಿ ಅಳತೆಯದ್ದೇ ಗ್ಯಾಸ್ ಶಾಕ್ ನಾಲ್ಕೂ ಹಾಕಿದೆ. ಪಾಲಿಯುರೆಥೇನ್ ಬುಷ್ ಬೇಡ ಅಂದದ್ದೂ ಹೀಗೇ. ಅದು ಗಟ್ಟಿ, ಆದರೆ ಗ್ರೀಸ್ ಒಣಗಿದರೆ ಕೀರಲು ಶಬ್ದ, ರಸ್ತೆಯ ಅದುರೆಲ್ಲ ಸೀಟಿಗೆ.

ಜನ ಮರೆಯುವುದು ಹಿಂದಿನ ಆಕ್ಸಲನ್ನು. ಇದರಲ್ಲಿ ಹಿಂದಿನ ಎರಡೂ ಚಕ್ರಗಳನ್ನು ಜೋಡಿಸುವ ಒಂದು ಟಾರ್ಶನ್ ಬೀಮ್ ಇದೆ. ಇಡೀ ಬೀಮ್ ಕಾರಿನ ಬಾಡಿಯನ್ನು ಹಿಡಿದು ನಿಂತಿರುವುದು ಎಡಕ್ಕೊಂದು ಬಲಕ್ಕೊಂದು ಬುಷ್‌ನಲ್ಲಿ. ಅವು ಸಡಿಲಾದರೆ ತಿರುವಿನಲ್ಲಿ ಇಡೀ ಆಕ್ಸಲ್ ಓರೆಯಾಗುತ್ತದೆ, ಅಂದರೆ ಹಿಂದಿನ ಚಕ್ರಗಳೂ ತಾವಾಗಿಯೇ ಸ್ಟಿಯರಿಂಗ್ ಮಾಡಲು ಶುರುಮಾಡುತ್ತವೆ. ಮುಂದುಗಡೆ ಮುಗಿಸಿ ಒಂದು ಸುತ್ತು ಹೋಗಿ ಬಂದಾಗ ಇದು ಎದ್ದು ಕಂಡಿತು. ಮೂತಿ ಥಟ್ಟನೆ ತಿರುಗುತ್ತದೆ, ಬೆನ್ನು ಒಂದು ಕ್ಷಣ ತಡವಾಗಿ ಬಂದು ಸೇರುತ್ತದೆ. ಮೊದಲು ಎರಡೂ ತಡವಾಗುತ್ತಿದ್ದರಿಂದ ಗೊತ್ತಾಗಿರಲಿಲ್ಲ. ಎಲ್ಲವನ್ನೂ ಒಂದೇ ದಿನ ಬದಲಿಸದೆ ಒಂದೊಂದಾಗಿ ಮಾಡಿ ಅದೇ ಮುಳ್ಳೇರಿಯ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ ನೋಡಿದ್ದರ ಲಾಭ ಇದು.

ಬೀಮಿನ ಬುಷ್ ಸಿಗಲು ಸತಾಯಿಸಿತು. ಮಂಗಳೂರಿನಲ್ಲಿ ಇರಲಿಲ್ಲ, ಕೊನೆಗೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಗೆಳೆಯನೊಬ್ಬ ಬಸ್ಸಿನಲ್ಲಿ ಕಳಿಸಿದ. ಹಳೆಯದನ್ನು ಒತ್ತಿ ತೆಗೆಯುವ ಮೊದಲು ಅದು ಕೂತ ದಿಕ್ಕನ್ನು ಬೀಮಿನ ಮೇಲೆ ಪೇಂಟಿನಲ್ಲಿ ಗುರುತು ಹಾಕಿದೆವು. ರಬ್ಬರಿನಲ್ಲಿ ಕೆಲವು ಕಡೆ ಬೇಕೆಂದೇ ಬಿಟ್ಟ ಖಾಲಿ ಜಾಗ ಇರುತ್ತದೆ. ಆ ಜಾಗ ಯಾವ ಕಡೆಗಿದೆಯೋ ಆ ಕಡೆಗೆ ಬುಷ್ ಮೆತ್ತಗೆ. ತಿರುಗಿ ಕೂತರೆ ಮೆತ್ತಗಿರಬೇಕಾದಲ್ಲಿ ಗಟ್ಟಿ, ಗಟ್ಟಿ ಇರಬೇಕಾದಲ್ಲಿ ಮೆತ್ತಗೆ.

ಕಟಕ್ ಶಬ್ದ ಬರುತ್ತಿದ್ದುದು ತಿರುವಿನಲ್ಲಿ ಕಾರು ವಾಲುವುದನ್ನು ತಗ್ಗಿಸುವ ಸರಳು, ಅಂದರೆ ಸ್ಟೆಬಿಲೈಸರ್ ಬಾರ್‌ನ ಬುಷ್‌ನಿಂದ. ಇಡೀ ಕೆಲಸದಲ್ಲಿ ಅತಿ ಅಗ್ಗದ ಸಾಮಾನು ಅದು.

ಟೈರಿನಲ್ಲಿ ಗೀರಿನ ಆಳ ಇನ್ನೂ ಬೇಕಾದಷ್ಟಿತ್ತು, 1.6 ಮಿಲಿಮೀಟರಿನ ಮಿತಿಗಿಂತ ಎಷ್ಟೋ ಮೇಲೆ. ಆದರೆ ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕೆ ನೋಡಿದರೆ ಕಥೆ ಬೇರೆ. ಮೊದಲ ಎರಡು ಅಂಕೆ ಟೈರ್ ತಯಾರಾದ ವಾರ, ಕೊನೆಯ ಎರಡು ಅಂಕೆ ವರ್ಷ. 2314 ಅಂತಿದ್ದರೆ 2014ರ 23ನೇ ವಾರದ ಟೈರ್. ನನ್ನದೂ ಆ ಕಾಲದ್ದೇ, ಉಗುರು ಒತ್ತಿದರೆ ಗುರುತೇ ಬೀಳುತ್ತಿರಲಿಲ್ಲ. ಅದೇ ಅಳತೆಯ ಹೊಸ ಟೈರ್ ಹಾಕಿದೆ. ಮಳೆಯಲ್ಲಿ ಬ್ರೇಕ್ ಹಿಡಿಯುವುದರಲ್ಲಿ ಆದ ವ್ಯತ್ಯಾಸ ಉಳಿದೆಲ್ಲ ಕೆಲಸಕ್ಕಿಂತ ಜಾಸ್ತಿ ಅಂತಲೇ ಹೇಳಬೇಕು.

ಕೊನೆಗೆ ಅಲೈನ್‌ಮೆಂಟ್. ಸ್ವಲ್ಪ ದಿನ ಓಡಿಸಿ, ರಬ್ಬರೆಲ್ಲ ಕೂತ ಮೇಲೆ ಹೋದೆ. ಗಾಳಿ ಸರಿ ಮಾಡಿ, ಡಿಕ್ಕಿಯ ಅಡಿಕೆ ಗೋಣಿ ಇಳಿಸಿ ಹೋಗಿದ್ದೆ. ಸ್ಟ್ರಟ್‌ನ ಕೆಳಗಿನ ಎರಡು ಬೋಲ್ಟಿನ ತೂತಿನಲ್ಲಿ ಕೂದಲೆಳೆಯಷ್ಟು ಜಾಗ ಇರುತ್ತದೆ. ಬಿಗಿ ಮಾಡುವಾಗ ಎರಡೂ ಕಡೆ ಚಕ್ರದ ಮೇಲ್ಭಾಗವನ್ನು ಒಳಕ್ಕೇ ಒತ್ತಿ ಹಿಡಿದಿದ್ದೆವು, ಹಾಗಾಗಿ ಕ್ಯಾಂಬರ್, ಅಂದರೆ ಚಕ್ರದ ಮೇಲ್ಭಾಗದ ವಾಲು, ಎಡ ಬಲ ಹೆಚ್ಚುಕಡಿಮೆ ಸಮ ಬಂತು. ಟೋ ಮಾತ್ರ ಕಂಪನಿ ಮಿತಿಯೊಳಗೇ ಸೊನ್ನೆಗೆ ಹತ್ತಿರದ ಕೊನೆಗೆ ಇಡಿಸಿದೆ. ತಿರುಗುವುದು ಚುರುಕಾಗುತ್ತದೆ ಅಂತ.

ಈಗ ಆದೂರು ತಿರುವಿನಲ್ಲಿ ಸ್ಟಿಯರಿಂಗನ್ನು ಒಂದೇ ಸಲ ತಿರುಗಿಸಿ ಹಿಡಿದರೆ ಸಾಕು, ಮಧ್ಯದಲ್ಲಿ ತಿದ್ದಬೇಕಾಗಿಲ್ಲ. ಗುಂಡಿ ಸಿಕ್ಕಿದರೆ ಢಬ್ ಅಂತ ಒಂದು ಶಬ್ದ, ಅಷ್ಟೇ, ಕಾರು ತನ್ನ ಗೆರೆ ಬಿಡುವುದಿಲ್ಲ. ಕಾರು ತಿರುವಿನಲ್ಲಿ ವಾಲುವುದು ಇನ್ನೂ ಇದೆ. ಅದು ಮೊದಲಿಂದಲೂ ಈ ಕಾರಿನ ಗುಣ. ಪೆರ್ಲದ ಭಾವ ಹಿಂದಿನ ಸೀಟಿನಲ್ಲಿ ಕೂತು ವಿಟ್ಲದವರೆಗೆ ಬಂದವರು, "ಸ್ಪ್ರಿಂಗ್ ಎಷ್ಟು ಕಟ್ ಮಾಡ್ಸಿದೆ ಭಾವಾ?" ಅಂತ ಕೇಳಿದರು.

ಹೆದ್ದಾರಿಯಲ್ಲಿ ಸ್ಟಿಯರಿಂಗಿನ ನಟ್ಟನಡುವೆ ಇನ್ನೂ ಒಂಚೂರು ಖಾಲಿ ಆಟ ಉಳಿದಿದೆ. ಅದು ರ‍್ಯಾಕ್‌ನ ಸವೆತ. ಅಡ್ಜಸ್ಟ್ ಮಾಡುವ ಸ್ಕ್ರೂ ಇದೆ, ಆದರೆ ಸವೆದದ್ದು ಮಧ್ಯಭಾಗ ಮಾತ್ರ. ಅಲ್ಲಿಗೆ ಸರಿಯಾಗಿ ಬಿಗಿ ಮಾಡಿದರೆ ಪೂರ್ತಿ ತಿರುಗಿಸುವಾಗ ಹಿಡಿದುಕೊಳ್ಳುತ್ತದೆ, ವಾಪಸ್ ಬರುವುದಿಲ್ಲ. ಇಚ್ಚ ಅದನ್ನು ಮುಟ್ಟಲು ಒಪ್ಪಲಿಲ್ಲ. ಒಳ್ಳೆಯ ರ‍್ಯಾಕ್ ಎಲ್ಲಾದರೂ ಸಿಕ್ಕಿದರೆ ಹೇಳುತ್ತೇನೆ ಅಂದಿದ್ದಾರೆ, ಅಡಿಕೆ ಕೊಯಿಲು ಮುಗಿದ ಮೇಲೆ ನೋಡಬೇಕು.